ಮೊಣಕಾಲಿನವರೆಗೆ ಹೊದಿಕೆ

ಮಗಳು ಬಿಳಿ ಹೊದಿಕೆಯನ್ನು ಮೂರನೆಯ ಸಲ ಮೊಣಕಾಲಿನವರೆಗೆ ಮಡಿಸಿದಳು. ಮೂರನೆಯ ಸಲವೂ ದೊಡ್ಡಮ್ಮ ಆ ಮಡಿಕೆ ಬಿಡಿಸಿ, ಪಾದ ಮುಚ್ಚುವಂತೆ ಕೆಳಗೆಳೆದಳು. ಹೊದಿಕೆಯ ಅಡಿಯಲ್ಲಿದ್ದವಳು ಮಾತ್ರ ಇಬ್ಬರಿಗೂ ಏನೂ ಹೇಳಲಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಅವಳು ಹೀಗೆ ಬಾಯಿ ಮುಚ್ಚಿಕೊಂಡಿದ್ದು ಇದೇ ಮೊದಲು.

"ಬಂದೋರು ಮುಖ ನೋಡ್ತಾರೋ, ಕಾಲು ನೋಡ್ತಾರೋ?" ದೊಡ್ಡಮ್ಮ ಪಿಸುಗುಟ್ಟಿದಳು. "ಮುಚ್ಚು ಅದನ್ನ."

"ಕಾಲೇ ನೋಡ್ಲಿ ದೊಡ್ಡಮ್ಮ. ಅಮ್ಮ ಹಾಗೇ ಹೇಳಿದ್ದು."

"ಬದುಕಿದ್ದಾಗಂತೂ ನನ್ನ ಮಾತು ಕೇಳ್ಲಿಲ್ಲ. ಹೋಗುವಾಗಲಾದ್ರೂ ಮರ್ಯಾದೆಯಿಂದ ಹೋಗ್ಲಿ ನನ್ನ ತಂಗಿ."

ಮನೆ ಎಂದರೆ ಮುಂದೆ ಇಸ್ತ್ರಿ ಅಂಗಡಿ, ಹಿಂದೆ ಒಂದೇ ಒಂದು ಕೋಣೆ. ಆ ಕೋಣೆಯಲ್ಲಿ ನಾಲ್ಕು ಜನ ನಿಂತರೆ ಐದನೆಯವರು ಹೊರಗಿರಬೇಕು. ಹಾಗಾಗಿ ಅವಳನ್ನು ಅಂಗಡಿಯಲ್ಲೇ, ನಲವತ್ತು ವರ್ಷ ಬಟ್ಟೆ ಉಜ್ಜಿದ ಉದ್ದ ಮೇಜಿನ ಮೇಲೆಯೇ ಮಲಗಿಸಿದ್ದರು. ಮೇಜಿನ ಮುಂದೆ ನೆಲದ ಕಲ್ಲು ಎರಡು ಪಾದಗಳಷ್ಟು ಜಾಗದಲ್ಲಿ ನುಣ್ಣಗೆ ಸವೆದಿತ್ತು. ಗೋಡೆಯ ಮೊಳೆಗಳಲ್ಲಿ ಇಸ್ತ್ರಿಯಾದ ಅಂಗಿಗಳು ಇನ್ನೂ ನೇತಾಡುತ್ತಿದ್ದವು. ಅವುಗಳ ಒಡೆಯರಲ್ಲಿ ಅರ್ಧ ಜನ ಆಗಲೇ ಬೀದಿಯಲ್ಲಿ ಸೇರಿದ್ದರು, ಆದರೆ ಇವತ್ತು ಅಂಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಿನ್ನೆ ಬೆಳಗ್ಗೆ ಅಂಗಡಿಯ ಬಾಗಿಲು ಎತ್ತಿದವಳು ಎದೆ ಹಿಡಿದು ಕುಳಿತಳು, ಮತ್ತೆ ಏಳಲಿಲ್ಲ. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ಆದರೆ ಊರ ಬಾಯಿಗೆ ಡಾಕ್ಟರ ಚೀಟಿ ಯಾವ ಲೆಕ್ಕ? ಅವಳಿಗೆ ಇದು ಮೊದಲೇ ಗೊತ್ತಿತ್ತು. ಹೋದ ವರ್ಷ ಅಂಗಿಯ ಕಾಲರ್ ಒತ್ತುತ್ತಾ ಮಗಳಿಗೆ ಹೇಳಿದ್ದಳು: "ನಾಳೆ ನಂಗೆ ಲಾರಿ ಹೊಡೆದ್ರೂ ಜನ ಕಾಲಿನ ಹುಣ್ಣಿಂದ ಸತ್ಲು ಅಂತಾರೆ. ಆವತ್ತು ಮೊಣಕಾಲಿಂದ ಕೆಳಗೆ ಏನೂ ಹೊದಿಸ್ಬೇಡ. ಕಣ್ಣಿದ್ದೋರು ನೋಡ್ಕೊಳ್ಲಿ."

ಮಗಳು ಬಸ್ಸು ಓಡಿಸುವವಳು. ಕೂತು ಮಾಡುವ ಕೆಲಸ ಸಿಕ್ಕಿತೆಂದು ತಾಯಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಇಂದು ಬೆಳಗ್ಗೆ ತಾಯಿಯ ಕಾಲಿನಿಂದ ಬಿಗಿ ಕಾಲುಚೀಲ ಕಳಚಿದವಳು ಅವಳೇ. ಚರ್ಮದ ಮೇಲೆ ನೇಯ್ಗೆಯ ಗೆರೆಗಳು ಹಾಗೇ ಉಳಿದಿದ್ದವು. ಅವನ್ನು ಬೆರಳಿನಿಂದ ತೀಡುತ್ತಾ ಮಗಳು ಅತ್ತಿದ್ದಳು. ಆಮೇಲೆ ಅತ್ತಿರಲಿಲ್ಲ, ಅಳಲು ದೊಡ್ಡಮ್ಮ ಪುರುಸೊತ್ತು ಕೊಟ್ಟಿರಲಿಲ್ಲ.

*

ಆ ಹುಣ್ಣು ಶುರುವಾಗಿದ್ದು ಅವಳ ಐವತ್ತೆರಡನೆಯ ವಯಸ್ಸಿನಲ್ಲಿ. ಎಡಗಾಲಿನ ಗಿಣ್ಣಿನ ಒಳಬದಿಗೆ ಮೇಜಿನ ಮೊಳೆ ಗೀರಿತು. ಅಂಗಿಯ ಗುಂಡಿಯಷ್ಟಿದ್ದ ಗಾಯ ವರ್ಷ ತುಂಬುವುದರೊಳಗೆ ಅಂಗೈಯಷ್ಟಾಯಿತು. ಒಬ್ಬರು ಪುಡಿ ಕೊಟ್ಟರು, ಇನ್ನೊಬ್ಬರು ಉರಿಯುವ ನೀರು ಕೊಟ್ಟರು. ಮುಲಾಮಿನ ಟ್ಯೂಬುಗಳು, ಆಂಟಿಬಯಾಟಿಕ್ ಮಾತ್ರೆಗಳು ಒಂದಾದ ಮೇಲೊಂದು ಬಂದವು. ಕೊಟ್ಟವರೆಲ್ಲ ಹುಣ್ಣಿಗೆ ಕೊಟ್ಟರು, ಕಾಲನ್ನು ಯಾರೂ ನೋಡಲಿಲ್ಲ. ವಾಸನೆ ಬರುತ್ತಿದೆಯೆಂದು ಗಿರಾಕಿಯೊಬ್ಬ ಬಟ್ಟೆಯ ಗಂಟನ್ನೇ ವಾಪಸು ತಂದಿಟ್ಟು ಹೋದ. ಆ ದಿನ ಅವಳಿಗಾದ ಅವಮಾನದ ಮುಂದೆ ಹುಣ್ಣಿನ ನೋವು ಏನೇನೂ ಅಲ್ಲ.

ಮೂರನೆಯ ವರ್ಷ ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು, ನಿಲ್ಲುವ ಕೆಲಸ ಬಿಡಿ, ಇಲ್ಲವಾದರೆ ಒಂದು ದಿನ ಕಾಲನ್ನೇ ತೆಗೆಯಬೇಕಾದೀತು ಎಂದರು.

"ಕೂತು ಇಸ್ತ್ರಿ ಮಾಡೋ ಮೇಜಿದ್ರೆ ಕೊಡಿ ಸ್ವಾಮಿ," ಎಂದಳು ಅವಳು. "ಕಾಲು ಮಾತ್ರ ಕೊಡಲ್ಲ."

ಸಿಟ್ಟಿನಲ್ಲಿ ಹೊರಬಿದ್ದವಳು ದಾರಿ ತಪ್ಪಿ ಹಿಂದಿನ ಓಣಿಗೆ ಹೋದಳು. ಅಲ್ಲಿ ಒಬ್ಬ ನರ್ಸು ಯಾರದೋ ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಇವಳು ಬಾಗಿಲಲ್ಲೇ ನಿಂತು ನೋಡಿದಳು. ಕಾಲ್ಬೆರಳ ಬುಡದಿಂದ ಮೊಣಕಾಲ ಕೆಳಗಿನವರೆಗೆ, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು, ಎಲ್ಲೂ ಒಂದು ಸುಕ್ಕಿಲ್ಲ. ಹುಣ್ಣಿನ ವಿಷಯ ಇವಳಿಗೆ ಗೊತ್ತಿರಲಿಲ್ಲ, ಸುಕ್ಕಿನ ವಿಷಯ ಗೊತ್ತಿತ್ತು. ಇಷ್ಟು ಶುದ್ಧವಾಗಿ ಬಟ್ಟೆ ಸುತ್ತುವವಳು ಸುಳ್ಳು ಹೇಳಲಾರಳು ಎಂದು ಅವಳಿಗೆ ಅನ್ನಿಸಿತು. ಒಳಗೆ ಹೋಗಿ ತಾನೂ ಕಾಲು ಚಾಚಿದಳು.

ಆ ನರ್ಸು, ಎಲ್ಲರ ಬಾಯಲ್ಲಿ ಪಟ್ಟಿ ಸಿಸ್ಟರು, ಮೊದಲು ಪಟ್ಟಿ ಮುಟ್ಟಲೇ ಇಲ್ಲ. ತೋಳಿನ ರಕ್ತದೊತ್ತಡ ನೋಡಿ, ಪಾದಕ್ಕೆ ತಣ್ಣನೆಯ ಲೋಳೆ ಹಚ್ಚಿ, ಪೆನ್ನಿನಂಥ ಯಂತ್ರವಿಟ್ಟು ನಾಡಿಯ ಸದ್ದು ಕೇಳಿದಳು.

"ಕಾಲಿಗೆ ರಕ್ತ ಚೆನ್ನಾಗಿ ಇಳೀತಿದೆ. ಇಳೀದೇ ಇದ್ದಿದ್ರೆ ನಾನು ಬಿಗಿ ಕಟ್ತಾನೇ ಇರ್ಲಿಲ್ಲ, ಅಪಾಯ. ನಿಮ್ಮ ರಕ್ತ ವಾಪಸ್ ಮೇಲೆ ಹತ್ತೋಕೆ ಕಷ್ಟಪಡ್ತಿದೆ. ಅದಕ್ಕೇ ಊತ, ಅದಕ್ಕೇ ಹುಣ್ಣು ಮಾಯ್ತಿಲ್ಲ."

"ಮುಲಾಮು?"

"ಮುಲಾಮಲ್ಲ, ಗುಣ ಮಾಡೋದು ಈ ಬಿಗಿ. ಕೆಲಸ ಬಿಡ್ಬೇಕಾಗಿಲ್ಲ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ. ಮೀನಖಂಡ ಹಿಂಡಿದಾಗೆಲ್ಲ ರಕ್ತ ಮೇಲೆ ಹೋಗತ್ತೆ. ಕೂತಾಗ ಕಾಲು ಮೇಲಿಡಿ."

ಬರೀ ನೀರಿನಲ್ಲಿ ತೊಳೆದು, ಗಾಯಕ್ಕೆ ಅಂಟದ ಬಟ್ಟೆಯಿಟ್ಟು, ಹತ್ತಿ ಸುತ್ತಿ, ಅದರ ಮೇಲೆ ಪಟ್ಟಿ. ವಾರಕ್ಕೊಮ್ಮೆ ಹೀಗೇ. ಐದು ತಿಂಗಳಲ್ಲಿ ಅಂಗೈಯಷ್ಟಿದ್ದದ್ದು ಹೆಬ್ಬೆರಳಷ್ಟಾಯಿತು.

ಆಗ ಅಕ್ಕನ ಮಗಳ ಮದುವೆ ಬಂತು.

*

ಅಂಗಡಿಯಲ್ಲಿ ಈಗ ಜನ ತುಂಬಿದ್ದರು. ಕ್ಷೌರದಂಗಡಿಯವನು ಬಂದ, ಬ್ಯಾಂಕಿನ ಕಾವಲುಗಾರ ಬಂದ, ಲೆಕ್ಕದ ಮೇಷ್ಟ್ರು ಬಂದರು. ಎಲ್ಲರೂ ನಿಂತು ದುಡಿಯುವವರೇ, ಎಲ್ಲರೂ ಅವಳ ಕೈಗೆ ಸಿಕ್ಕಿಬಿದ್ದವರೇ. ಕಾಲು ಗುಣವಾದ ಮೇಲೆ ಅವಳು ಗಿರಾಕಿಗಳ ಬಟ್ಟೆಯನ್ನು ಒತ್ತೆ ಇಟ್ಟುಕೊಳ್ಳುವುದನ್ನು ಕಲಿತಿದ್ದಳು. ಅಂಗಿ ಬೇಕೆಂದರೆ ಮೊದಲು ಕಾಲು ತೋರಿಸಬೇಕು. ಊತವೋ, ಗಿಣ್ಣಿನ ಸುತ್ತ ಕಪ್ಪೋ ಕಂಡರೆ ಮುಗಿಯಿತು, ಸಿಸ್ಟರ ಬಳಿ ಹೋಗಿ ಬಂದ ಚೀಟಿ ತೋರಿಸುವವರೆಗೆ ಅಂಗಿ ಗೂಟದಲ್ಲೇ. ತಾನಾಗಿ ಯಾರಿಗೂ ಪಟ್ಟಿ ಕಟ್ಟಿದವಳಲ್ಲ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದನ್ನಷ್ಟೇ ಕಲಿಸಿದವಳು. ನಾಡಿ ನೋಡದೆ ಕಟ್ಟಬಾರದು ಎನ್ನುವುದು ಅವಳಿಗೆ ವೇದವಾಕ್ಯ.

"ನಾನು ಒಂದು ಶಾಲಾ ವಾರ್ಷಿಕೋತ್ಸವಕ್ಕೆ ಬನಿಯನ್ ಮೇಲೆ ಕೋಟು ಹಾಕ್ಕೊಂಡು ಹೋಗಿದ್ದೆ," ಎಂದರು ಮೇಷ್ಟ್ರು, ಮೇಜಿನ ಕಡೆ ನೋಡುತ್ತಾ. ಕ್ಷೌರದವನು ನಗಲು ಹೋಗಿ ಕಣ್ಣೊರೆಸಿಕೊಂಡ.

ಬಾಗಿಲ ಬಳಿ ನಿಂತಿದ್ದ ಇಬ್ಬರು ಹೆಂಗಸರಿಗೆ ಇದೊಂದೂ ಕೇಳಿಸಲಿಲ್ಲ. ಅವರು ತಮ್ಮದೇ ತೀರ್ಪಿನಲ್ಲಿದ್ದರು. ಆ ಕಾಲಿನದೇ ಇರಬೇಕು, ಕೀವು ಮೇಲೇರಿ ಎದೆಗೆ ಹೋಗಿರುತ್ತದೆ, ಹುಣ್ಣು ಅಂದರೆ ಸುಮ್ಮನೆಯೇ ಎಂದು ಒಬ್ಬಳು ಹೇಳುತ್ತಿದ್ದದ್ದು ಮಗಳ ಕಿವಿಗೆ ಬಿತ್ತು.

ಮಗಳು ಹೊದಿಕೆಯನ್ನು ಒಂದೇ ಸಲಕ್ಕೆ ಮೊಣಕಾಲಿನವರೆಗೆ ಎಳೆದಳು.

"ಬನ್ನಿ ಅಕ್ಕ, ಹತ್ರ ಬನ್ನಿ," ಎಂದಳು. ದನಿ ಏರಿಸಲಿಲ್ಲ. "ಹುಣ್ಣು ಎಲ್ಲಿದೆ ತೋರಿಸಿ."

ಆ ಹೆಂಗಸು ಹಿಂಜರಿಯುತ್ತಾ ಬಂದಳು. ಕಾಲು ತೆಳ್ಳಗೆ, ಊತವಿಲ್ಲದೆ ಇತ್ತು. ಗಿಣ್ಣಿನ ಸುತ್ತ ಚರ್ಮ ಟೀ ಕಲೆಯ ಬಣ್ಣಕ್ಕಿತ್ತು. ನಡುವೆ ಅಂಗೈಯಗಲದ ಜಾಗ ಬಿಳುಪಾಗಿ, ತೆಳುವಾಗಿ, ಮುಚ್ಚಿಕೊಂಡಿತ್ತು. ಅವಳು ಬಗ್ಗಿ ನೋಡಿದಳು, ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು.

"ಸಾಕು ಮಾಡೇ," ಎಂದು ದೊಡ್ಡಮ್ಮ ಹೊದಿಕೆಯ ಅಂಚು ಹಿಡಿದಳು. ಮಗಳು ಇನ್ನೊಂದು ಅಂಚು ಬಿಡಲಿಲ್ಲ.

"ಒಂದ್ಸಲ ನಿಮ್ಮ ಮಾತು ಕೇಳಿದ್ದಕ್ಕೆ ಏನಾಯ್ತು ನೆನಪಿದೆಯಾ ದೊಡ್ಡಮ್ಮ?"

*

ಮದುವೆಯ ಬೆಳಗ್ಗೆ ಅಕ್ಕ ತಂಗಿಯನ್ನು ಕೋಣೆಯಲ್ಲಿ ಕೂರಿಸಿ ಪಟ್ಟಿ ಬಿಚ್ಚಿದ್ದಳು. ಕಂಬದಂಥ ಕಾಲಿಟ್ಟುಕೊಂಡು ಬೀಗರ ಮುಂದೆ ಓಡಾಡುವುದು ಬೇಡ, ಗಾಯಕ್ಕೆ ಗಾಳಿಯೂ ಆಡುತ್ತದೆ, ಒಂದು ದಿನಕ್ಕೆ ಏನಾದೀತು ಎಂದು ಅವಳ ವಾದ. ತಂಗಿಗೂ ಚಪ್ಪಲಿಯೊಳಗೆ ಕಾಲು ತೂರಿಸುವ ಆಸೆಯಾಯಿತು. ಒಂದು ದಿನ ಹೋಗಿ ನಾಲ್ಕು ದಿನವಾಯಿತು. ಮನೆಗೆ ಬರುವಾಗ ಕಾಲು ಮೊದಲಿನಷ್ಟೇ ಊದಿ, ಹೆಬ್ಬೆರಳಷ್ಟಿದ್ದ ಗಾಯ ಮತ್ತೆ ಬಾಯಿ ತೆರೆದಿತ್ತು.

ಸಿಸ್ಟರು ಬೈಯಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದಷ್ಟೇ ಹೇಳಿ ಮೊದಲಿನಿಂದ ಸುತ್ತತೊಡಗಿದಳು. ಮತ್ತೆ ಎಂಟು ತಿಂಗಳು ಹಿಡಿಯಿತು. ಚರ್ಮ ಮುಚ್ಚಿದ ಮೇಲೆ ಆಸ್ಪತ್ರೆಯಲ್ಲಿ ಸಣ್ಣ ಕೊಳವೆ ತೂರಿಸಿ, ಕೆಟ್ಟ ರಕ್ತನಾಳವನ್ನು ಒಳಗಿಂದಲೇ ಕಾಯಿಸಿ ಮುಚ್ಚಿದರು. ಕಾಯಿಸಿ ಸರಿಮಾಡುವ ಕೆಲಸ ತನ್ನದೂ ಹೌದೆಂದು ಅವಳು ಅವರಿಗೆ ಹೇಳಿ, ಅವತ್ತೇ ನಡೆದುಕೊಂಡು ಮನೆಗೆ ಬಂದಳು. ಆಮೇಲೆ ಹಾಸಿಗೆಯಿಂದ ಏಳುವ ಮೊದಲೇ ಬಿಗಿ ಕಾಲುಚೀಲ ಹಾಕಿಕೊಳ್ಳುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಸೀರೆಯನ್ನು ನಾಲ್ಕು ಬೆರಳು ಮೇಲಕ್ಕುಟ್ಟಳು, ಕಾಲು ಎಲ್ಲರಿಗೂ ಕಾಣಲಿ ಎಂದೇ. ಅಕ್ಕನ ಮನೆಗೆ ಮಾತ್ರ ಮತ್ತೆ ಹೋಗಲಿಲ್ಲ.

*

ಹೊದಿಕೆಯ ಎರಡು ಅಂಚು ಹಿಡಿದ ಇಬ್ಬರೂ ಹಾಗೇ ನಿಂತಿರುವಾಗ ಪಟ್ಟಿ ಸಿಸ್ಟರು ಬಂದಳು. ನಿವೃತ್ತಳಾಗಿ ಮೂರು ವರ್ಷವಾಗಿದ್ದರೂ ಕಣ್ಣಿನ ಚಟ ಹೋಗಿರಲಿಲ್ಲ. ಮೇಜಿಗೆ ಕೈಮುಗಿದಳು, ಮಾಯ್ದ ಗಾಯವನ್ನು ಮುಟ್ಟಿದಳು, ಆಮೇಲೆ ಅವಳ ದೃಷ್ಟಿ ದೊಡ್ಡಮ್ಮನ ಪಾದದ ಮೇಲೆ ನಿಂತಿತು. ಈ ಸೆಕೆಯಲ್ಲೂ ದಪ್ಪ ಉಣ್ಣೆಯ ಕಾಲುಚೀಲ. ಅದರ ಅಂಚು ಮಾಂಸದೊಳಗೆ ಹೂತು ಹೋಗಿತ್ತು.

"ಎಷ್ಟು ದಿನದಿಂದ ಅಮ್ಮಾ?" ಎಂದು ಮೆಲ್ಲಗೆ ಕೇಳಿದಳು.

ದೊಡ್ಡಮ್ಮ ಸೀರೆಯನ್ನು ಕೆಳಗೆಳೆದುಕೊಂಡಳು. ಒಂದು ಕೈ ಹೊದಿಕೆಯಲ್ಲಿ, ಒಂದು ಕೈ ಸೀರೆಯಲ್ಲಿ. ಮುಚ್ಚುವುದಕ್ಕೆ ಅವಳಿಗೆ ಕೈಗಳೇ ಸಾಲದಾದವು.

"ಎರಡು ವರ್ಷ," ಎಂದಳು ಕೊನೆಗೆ. "ಕಪ್ಪಾಗಿದೆ, ಸಂಜೆ ಹೊತ್ತಿಗೆ ಊದತ್ತೆ. ಹೋದ ವಾರದಿಂದ ನೀರು ಒಸರ್ತಿದೆ. ಇವಳಿಗೆ ಹೇಳೋಣ ಅಂತ ಎರಡು ಸಲ ಈ ಬೀದಿ ತುದಿವರೆಗೆ ಬಂದೆ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಮಗಳಿಗೆ ಸಿಟ್ಟೂ ಬಂತು, ದುಃಖವೂ ಬಂತು. ಬೀದಿ ತುದಿಯಿಂದ ಅಂಗಡಿಗೆ ಐವತ್ತು ಹೆಜ್ಜೆಯೂ ಇಲ್ಲ. "ಅಮ್ಮ ಬೈತಿದ್ಲು," ಎಂದಳು. "ಬೈದು ಕರ್ಕೊಂಡು ಹೋಗ್ತಿದ್ಲು."

ಸೋಮವಾರ ತಾನೇ ಜೊತೆಗೆ ಬರುತ್ತೇನೆ, ಮೊದಲು ನಾಡಿ ನೋಡಿಸೋಣ ಎಂದು ಸಿಸ್ಟರು ಹೇಳಿದಳು. ದೊಡ್ಡಮ್ಮ ತಲೆಯಾಡಿಸಿದಳು. ಬಹಳ ಹೊತ್ತು ತಂಗಿಯ ಕಾಲನ್ನೇ ನೋಡಿದಳು. ಆಮೇಲೆ ಹೊದಿಕೆಯನ್ನು ತಾನೇ ಮೊಣಕಾಲಿನವರೆಗೆ ಮಡಿಸಿ, ಮಡಿಕೆಯ ಮೇಲೆ ಅಂಗೈಯೊತ್ತಿ ಸುಕ್ಕು ತೆಗೆದಳು.

ವಾಹನ ಅರ್ಧ ಗಂಟೆ ತಡವೆಂದು ಫೋನು ಬಂತು. ಬೆಂಚು ಸಾಕಾಗಲಿಲ್ಲ, ಎಲ್ಲರೂ ಮೇಜಿನ ಸುತ್ತ ಗೋಡೆಗೆ ಒತ್ತಿ ನಿಂತರು. ಸ್ವಲ್ಪ ಹೊತ್ತಿಗೆ ಕ್ಷೌರದವನ ಹಿಮ್ಮಡಿಗಳು ಮೇಲೆದ್ದವು, ಇಳಿದವು. ಅವನಿಗೆ ಅದರ ಗಮನವೂ ಇದ್ದಂತಿರಲಿಲ್ಲ. ಅವನ ಪಕ್ಕದ ಕಾವಲುಗಾರನ ಬೂಟುಗಳು ಎದ್ದಿಳಿದವು, ಮೇಷ್ಟ್ರು ಕೋಲು ಊರಿ ಎದ್ದಿಳಿದರು, ಸಿಸ್ಟರೂ ಎದ್ದಿಳಿದಳು. ಗೋಡೆಯುದ್ದಕ್ಕೂ ತಲೆಗಳು ಒಂದೊಂದಾಗಿ ಬೆರಳುದ್ದ ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ಸಾಲಿನ ಕೊನೆಯಲ್ಲಿ, ಕಲ್ಲು ಸವೆದ ಜಾಗದಲ್ಲಿ ದೊಡ್ಡಮ್ಮ ನಿಂತಿದ್ದಳು. ತಂಗಿಯ ಬರಿಗಾಲಿನ ಪಕ್ಕ ಮೇಜಿನ ಅಂಚು ಹಿಡಿದು, ಉಣ್ಣೆಯ ಕಾಲುಚೀಲದ ಹಿಮ್ಮಡಿಗಳನ್ನು ಅವಳೂ ನೆಲದಿಂದ ಎತ್ತಿದಳು.