ಸಂದಿ ಕಿಡಕಿಯ ದರ

"ರೇಟ್ ಕೇಳಾಕ ಬಂದೀಯೋ, ಬ್ಯಾಳಿ ಒಯ್ಯಾಕ ಬಂದೀಯೋ?"

ಗುರಲಿಂಗಪ್ಪ ಸಾಹುಕಾರ ತಲೆ ಎತ್ತದೆ ಕೇಳಿದ. ಕಿಟಕಿಯ ಹೊರಗೆ, ಚರಂಡಿಯ ಮೇಲೆ ಹಾಸಿದ ಕಲ್ಲಿನ ಮೇಲೆ ರಾಮವ್ವ ಚೀಲ ಹಿಡಿದು ನಿಂತಿದ್ದಳು.

"ಎರಡಕ್ಕೂ ಬಂದೇನ್ರಿ."

ಈಗ ಸಾಹುಕಾರ ತಲೆ ಎತ್ತಿದ. "ಹಲ್ಕಟ್ ಹುಡುಗಿ. ನಿಮ್ಮಪ್ಪ ಹುಟ್ಟಿದಾಗಿಂದ ಇದ ಕಿಡಕ್ಯಾಗ ಒಯ್ದು ತಿಂದಾನ. ಒಂದ್ ದಿನಾ ರೇಟ್ ಕೇಳಿಲ್ಲ. ನಿನಗ ಯಾರ ಕಲಿಸಿದ್ರು ಈ ಧಿಮಾಕು?"

"ಸಾಲ್ಯಾಗ ಬರ್ಕೊಂಡ ಬರ್ರಿ ಅಂದಾರ್ರಿ."

"ಸಾಲ್ಯಾಗ ಅಂತ." ಅವನು ಅವಳ ಕೈಯಿಂದ ಕೂಲಿಯ ಚೀಟಿ ಕಿತ್ತುಕೊಂಡ. ತಕ್ಕಡಿ ಒಳಗೆಲ್ಲೋ ಕತ್ತಲಲ್ಲಿ ಟಣ್ ಎಂದಿತು. ಅರ್ಧ ಕಿಲೋ ತೊಗರಿ ಬೇಳೆ ಚೀಲಕ್ಕೆ ಬಿತ್ತು. "ಹೋಗು. ರೇಟು ನಿಮ್ಮಪ್ಪನ ಕೂಲಿ ಮುರಿದಾಗ ತಿಳೀತೈತಿ. ಹಿಂದಿನಾಕಿ ಬಾರ."

ಗುಳೇದಗುಡ್ಡದ ಆ ಓಣಿಯಲ್ಲಿ ಮನೆಗೊಂದು ಮಗ್ಗವಿತ್ತು. ನೂಲು ಮಾತ್ರ ಯಾರದೂ ಅಲ್ಲ, ಗುರಲಿಂಗಪ್ಪನದು. ಅವನು ನೂಲು ಕೊಡುತ್ತಿದ್ದ, ಇವರು ಕುಬಸದ ಖಣ ನೇಯ್ದು ಕೊಡುತ್ತಿದ್ದರು. ವಾರದ ಕೂಲಿಯಲ್ಲಿ ಅರ್ಧ ರೊಕ್ಕ, ಅರ್ಧ ಚೀಟಿ; ಒಯ್ದ ಸಾಮಾನಿನ ದುಡ್ಡನ್ನು ವಾರದ ಕೊನೆಗೆ ಚೀಟಿಯ ಪಾಲಿನಲ್ಲಿ ಮುರಿಯುತ್ತಿದ್ದ. ಆ ಚೀಟಿ ನಡೆಯುತ್ತಿದ್ದುದು ಅವನ ಅಂಗಡಿಯಲ್ಲಿ, ಅದೂ ಪಕ್ಕದ ಸಂದಿಗೆ ಬಾಯಿ ತೆರೆದ ಈ ಕಿಟಕಿಯಲ್ಲಿ ಮಾತ್ರ. ಮುಂದಿನ ಬಾಗಿಲು ಪೇಟೆಯವರದು. ಅಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು, ತೂಗುವುದು ಕಾಣುವಂತೆ ತಕ್ಕಡಿಯಿತ್ತು, ಎಮರ್ಜೆನ್ಸಿ ಬಂದ ಮೇಲೆ ಸರಕಾರದ ಹುಕುಮಿನಂತೆ ಸೀಮೆಸುಣ್ಣದಲ್ಲಿ ಬರೆದ ದರದ ಹಲಗೆಯೂ ತೂಗಾಡುತ್ತಿತ್ತು. ತಪಾಸಣೆಯ ಸಾಹೇಬರು ಬಂದರೆ ಓದಿ, ಚಹಾ ಕುಡಿದು ಹೋಗುತ್ತಿದ್ದರು. ನೇಕಾರರು ಮೆಟ್ಟಿಲು ಹತ್ತಬಾರದೆಂದು ಎಲ್ಲೂ ಬರೆದಿರಲಿಲ್ಲ. ಹತ್ತಿದವರಿಗೆ "ಏ, ಆ ಕಡಿ" ಎಂಬ ಮಾತು ಬೀಳುತ್ತಿತ್ತು, ಅಷ್ಟೇ. ಈಗ ಯಾರೂ ಹತ್ತುತ್ತಿರಲಿಲ್ಲ.

ರಾಮವ್ವ ಹುಲ್ಲಪ್ಪನ ಹಿರಿಯ ಮಗಳು, ಒಂಬತ್ತನೆಯ ಇಯತ್ತೆ. ಧಾರವಾಡದಿಂದ ಹೊಸದಾಗಿ ಬಂದಿದ್ದ ತುಳಸೀಬಾಯಿ ಅಕ್ಕೋರು ಆ ವರ್ಷ ಮಕ್ಕಳಿಗೊಂದು ಕೆಲಸ ಹಚ್ಚಿದ್ದರು. ಮೂರು ಅಂಗಡಿಗೆ ಹೋಗಬೇಕು. ಬೇಳೆ, ಬೆಲ್ಲ, ಕುಸುಬಿ ಎಣ್ಣೆ, ಚಹಾಪುಡಿ, ಸಾಬೂನು, ಇವುಗಳ ದರ ಬರೆದುಕೊಂಡು ಬರಬೇಕು. "ವಸ್ತು ಒಂದೇ, ದರ ಬ್ಯಾರೆ ಯಾಕ ಆಗ್ತದ ಅಂತ ನೀವೇ ವಿಚಾರ ಮಾಡ್ರಿ. ಛಲೋ ಬರದವರ ಹಾಳಿ ಸಾಲಿ ವಾರ್ಷಿಕ ಗ್ಯಾದರಿಂಗಿನಾಗ ಗ್ವಾಡಿಗೆ ಹಚ್ಚೋಣು" ಎಂದಿದ್ದರು.

ಉಳಿದ ಮಕ್ಕಳು ಹಲಗೆ ನೋಡಿ ಬರೆದು ಮುಗಿಸಿದರು. ರಾಮವ್ವನ ಹಾಳೆಯಲ್ಲಿ ನಾಲ್ಕು ಸಾಲು ಇದ್ದವು.

"ಮೂರು ಅಂಗಡಿ ಅಂದಿದ್ದೆ. ಇವು ನಾಲ್ಕು ಯಾಕ?"

"ಅಂಗಡಿ ಮೂರ ಅದಾವ್ರಿ ಅಕ್ಕೋರ. ಗುರಲಿಂಗಪ್ಪನವರ ಅಂಗಡಿಗಿ ಎರಡು ದರ ಅದಾವು."

ಬೇಳೆ, ಹಲಗೆಯ ಮೇಲೆ ಕಿಲೋಗೆ ಎರಡು ರೂಪಾಯಿ ಎಂಬತ್ತು ಪೈಸೆ. ಕಿಟಕಿಯಲ್ಲಿ ಮೂರೂವರೆ. ಅಪ್ಪನ ಕೂಲಿಯಲ್ಲಿ ಮುರಿದ ಲೆಕ್ಕ ಕೇಳಿ ಬರೆದಿದ್ದಳು.

ತುಳಸೀಬಾಯಿ ನಕ್ಕರು. "ನಾವೂ ಅಲ್ಲೇ ತೊಗೋತೇವಿ ಹುಡುಗಿ. ಸಾಹುಕಾರ್ರು ಭಾಳ ಸಭ್ಯ ಮನುಷ್ಯಾರು. ನೀ ಎಲ್ಲೋ ತಪ್ಪು ಕೇಳ್ಕೊಂಡೀ."

"ನಿಮಗ ಮುಂದ ಕೊಡ್ತಾರ್ರಿ."

ಅಕ್ಕೋರಿಗೆ ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ಹಾಗಾದರೆ ನೋಡಿಯೇ ಬಿಡೋಣ ಎಂದರು. ಶನಿವಾರ ಇಬ್ಬರೂ ಅದೇ ಅಂಗಡಿಯಿಂದ ಅರ್ಧರ್ಧ ಕಿಲೋ ಬೇಳೆ ತಂದರು. ಅಕ್ಕೋರದು ಮುಂದಿನ ಬಾಗಿಲಿನದು, ರಾಮವ್ವನದು ಸಂದಿಯದು. ಶಾಲೆ ಬಿಟ್ಟ ಮೇಲೆ ವಿಜ್ಞಾನದ ಕೋಣೆಯ ತಕ್ಕಡಿಯಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇಟ್ಟರು. ಅಕ್ಕೋರ ಬೇಳೆ ಕೆಳಗೆ ಕೂತಿತು. ಅದನ್ನು ಸಮ ಮಾಡಲು ರಾಮವ್ವನ ಕಡೆಗೆ ಐವತ್ತು ಗ್ರಾಮಿನ ಕಲ್ಲು ಇಟ್ಟು, ಸಾಲದೆ ಇನ್ನೂ ಸಣ್ಣದೊಂದು ಇಡಬೇಕಾಯಿತು.

ಆಮೇಲೆ ಎರಡನ್ನೂ ಹಳೆಯ ಪತ್ರಿಕೆಯ ಮೇಲೆ ಸುರುವಿದರು. ಒಂದು ಹೊಳೆಯುವ ಹಳದಿ. ಇನ್ನೊಂದರಲ್ಲಿ ಸಿಪ್ಪೆ, ಮಣ್ಣು, ಕಲ್ಲು. ತುಳಸೀಬಾಯಿ ಬೆರಳಿನಿಂದ ಕಲ್ಲುಗಳನ್ನು ಬದಿಗೆ ಸರಿಸಿದರು. ಸರಿಸಿದಷ್ಟೂ ಇದ್ದವು.

"ಇಷ್ಟು ಕಲ್ಲು ಎಲ್ಲಿಂದ ಬರ್ತಾವ?"

"ನಿಮ್ಮ ಬ್ಯಾಳ್ಯಾಗಿಂದ ಬರ್ತಾವ್ರಿ."

ಅಕ್ಕೋರು ತಲೆ ಎತ್ತಿದರು.

"ನಮ್ಮವ್ವ, ಕಾಸಿಂಬಿ ಚಿಗವ್ವ, ನಮ್ಮ ಓಣಿ ಹೆಂಗಸರೆಲ್ಲಾ ಸಂತಿ ದಿನ ಸಾವ್ಕಾರ್ರ ಹಿತ್ತಲದಾಗ ಬ್ಯಾಳಿ ಹಸನ ಮಾಡ್ತಾರ್ರಿ. ಅದಕ್ಕ ಕೂಲಿ ಇಲ್ರಿ. ಹಸನಾದದ್ದು ಮುಂದಿನ ಬಾಗಲಕ ಹೊಕ್ಕೈತಿ. ಕೇರಿ ಬಿದ್ದದ್ದು ಕಿಡಕಿ ಚೀಲದಾಗ ಕೂಡಸ್ತಾರ."

ತುಳಸೀಬಾಯಿ ತಮ್ಮ ಬೇಳೆಯನ್ನು ಪೊಟ್ಟಣಕ್ಕೆ ಮರಳಿ ತುಂಬಿ ಬಾಯಿ ಕಟ್ಟಿದರು. ಕೊನೆಗೆ "ಬರಿ. ಇದ್ದದ್ದು ಇದ್ಹಾಂಗ ಬರಿ" ಎಂದರು.

ರಾಮವ್ವ ಮನೆಯಲ್ಲಿ ದೊಡ್ಡ ಹಾಳೆ ಹರವಿಕೊಂಡು ಗೆರೆ ಎಳೆಯುತ್ತಿದ್ದಾಗ ಅವ್ವ ಬೋರವ್ವ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದಳು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹುಲ್ಲಪ್ಪ ನೇಯುತ್ತಿದ್ದ.

"ಏನ ಬರ್ಯಾಕತ್ತೀ?" ಬೋರವ್ವನಿಗೆ ಓದು ಬರುತ್ತಿರಲಿಲ್ಲ.

ರಾಮವ್ವ ಬೆರಳಿಟ್ಟು ಓದಿ ಹೇಳಿದಳು. ಹಲಗೆ ದರ, ಕಿಡಕಿ ದರ, ತೂಕ, ಕಲ್ಲು.

"ಇದು ಯಾರಿಗಿ ಗೊತ್ತಿಲ್ಲ? ಓಣ್ಯಾಗಿನ ನಾಯಿಗಿ ಸುದ್ದಾ ಗೊತ್ತೈತಿ."

"ಗೊತ್ತಿದ್ರ ಸುಮ್ನ ಯಾಕ ಇದ್ದೀರಿ ಯವ್ವಾ?"

ಬೋರವ್ವ ರಾಟೆ ತಿರುಗಿಸುತ್ತಲೇ ಇದ್ದಳು. ಕೈಯಲ್ಲಿದ್ದ ಎಳೆಯನ್ನು ಎತ್ತಿ ತೋರಿಸಿದಳು. "ಇದು ಅವಂದು" ಎಂದಳು.

ಮಗ್ಗದಲ್ಲಿ ಹುಲ್ಲಪ್ಪನ ಲಾಳಿ ಸ್ವಲ್ಪ ಜೋರಾಗಿ ಓಡಿತು.

ಗ್ಯಾದರಿಂಗಿನ ಅಧ್ಯಕ್ಷ ಗುರಲಿಂಗಪ್ಪನೇ. ಶಾಲೆಯ ಕಮಿಟಿಯ ಚೇರಮನ್ನನೂ ಅವನೇ. ಹೆಡ್ ಮಾಸ್ತರ ಕೃಷ್ಣಾಜಿಯವರು ಅವನಿಗೆ ಗಂಧದ ಮಾಲೆ ಹಾಕಿ, ಪೇಟೆಯ ಹಿರಿಯರನ್ನೆಲ್ಲ ಹಿಂದಿಟ್ಟುಕೊಂಡು, ಗೋಡೆಗೆ ಹಚ್ಚಿದ ಹಾಳೆಗಳನ್ನು ತೋರಿಸುತ್ತ ಬಂದರು. ರಾಮವ್ವನ ಹಾಳೆಯ ಮುಂದೆ ಸಾಹುಕಾರ ನಿಂತ. ಮೊದಲು ನಗುತ್ತಲೇ ಓದತೊಡಗಿದ. ತನ್ನ ಹೆಸರು ಎರಡು ಸಲ ಬಂದಾಗ ನಗು ನಿಂತಿತು.

"ಮಾಸ್ತರ್ರ, ನಾ ಕಟ್ಟಿಸಿದ ಕ್ವಾಣಿ ಇದು. ಇದರಾಗ ನಿಂತು ನನ್ನ ಮಾರಿಗಿ ಉಗುಳಸ್ತೀರಿ ಹೌದಿಲ್ಲೋ?"

ಕೃಷ್ಣಾಜಿಯವರು ಓದಿ ಬಿಳಿಚಿಕೊಂಡರು. "ಛೇ ಛೇ, ನನ್ನ ಕಣ್ಣಿಗೆ ಬಿದ್ದಿದ್ದಿಲ್ರಿ. ಯಾರು ಬರದದ್ದು ಇದು? ಬಾ ಇಲ್ಲೆ." ರಾಮವ್ವ ಮುಂದೆ ಬಂದಳು. "ತಪ್ಪು ಬರದೇನಿ ಅಂತ ಹೇಳು. ಸಾಹುಕಾರ್ರ ಕಾಲು ಮುಟ್ಟು."

ರಾಮವ್ವ ತುಳಸೀಬಾಯಿಯವರ ಕಡೆ ನೋಡಿದಳು. ಅವರು ತಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಸುತ್ತುತ್ತಲೇ ಇದ್ದರು.

"ತಪ್ಪಿದ್ರ ತಿದ್ದತೇನ್ರಿ ಸರ್. ಯಾವ ಅಂಕಿ ತಪ್ಪೈತಿ, ತೋರಸ್ರಿ."

ಹೆಡ್ ಮಾಸ್ತರರ ಕೈ ಅವಳ ಕಪಾಳಕ್ಕೆ ಬಿತ್ತು. ಅವರು ಹಾಳೆಯನ್ನು ಗೋಡೆಯಿಂದ ಕಿತ್ತು ಎರಡು ತುಂಡು ಮಾಡಿದರು. ಸಾಹುಕಾರ ಜನರ ಕಡೆ ತಿರುಗಿ, "ಬಿಡ್ರಿ ಮಾಸ್ತರ್ರ, ನೇಕಾರ ಕೂಸು, ಹಸ್ತಿರತೈತಿ" ಎಂದ. ಕೆಲವರು ನಕ್ಕರು. ಕಾಲು ಮುಟ್ಟುವ ತನಕ ಶಾಲೆಗೆ ಕಾಲಿಡಬೇಡ ಎಂದು ರಾಮವ್ವನನ್ನು ಹೊರಗೆ ಕಳಿಸಿದರು.

ಅಂದು ಸಂಜೆ ಹುಲ್ಲಪ್ಪ ನೇಯ್ದ ಖಣ ಕೊಟ್ಟು, ನೂಲು ತರಲು ಹೋದವನು ಬರಿಗೈಯಲ್ಲಿ ಬಂದ. ಬಂದವನೇ ರಾಮವ್ವನ ಜಡೆ ಹಿಡಿದು ಎಳೆದ.

"ನೂಲು ಬಂದ್. ಕೇಳಿದೇನ? ಮಗಳನ್ನ ಮಾಸ್ತರ್ತಿ ಮಾಡು, ಮಗ್ಗ ಸುಟ್ಟು ರೊಟ್ಟಿ ಬೇಯಿಸ್ಕೋ ಅಂದ. ನಾಳಿ ಹೋಗಿ ಅವನ ಕಾಲ ಹಿಡೀತೀ. ನಾನೂ ಬರ್ತೇನಿ, ನಾನೂ ಹಿಡೀತೇನಿ."

"ಬಿಡು ಅಕೀನ" ಎಂದು ಬೋರವ್ವ ನಡುವೆ ಬಂದಳು. ದೀಪದ ಬೆಳಕಿಗೆ ಮಗಳ ಮುಖ ತಿರುಗಿಸಿದಳು. ಬೆರಳಿನ ಗುರುತುಗಳು ಇನ್ನೂ ಮೂಡಿಯೇ ಇದ್ದವು. "ಇದು ಯಾರ ಹೊಡದದ್ದು?"

"ಹೆಡ್ ಮಾಸ್ತರ್ರು."

"ಯಾಕ?"

"ಯಾವ ಅಂಕಿ ತಪ್ಪೈತಿ ತೋರಸ್ರಿ ಅಂದೆ."

"ತೋರಿಸಿದ್ರೇನ?"

"ಇಲ್ಲ."

ಬೋರವ್ವ ಗಂಡನ ಕಡೆ ನೋಡಿದಳು. "ಮತ್ತ ತಪ್ಪಿಲ್ಲ ಅಂದಂಗಾತಲ್ಲ."

"ತಪ್ಪಿಲ್ಲ ಅಂದ್ರ ಹೊಟ್ಟಿ ತುಂಬತೈತೇನ?" ಹುಲ್ಲಪ್ಪನ ದನಿ ಒಡೆಯಿತು. "ಮದ್ಲ ದಿನಮಾನ ಛಲೋ ಇಲ್ಲ. ಯಾರ್ ಏನ ಅಂದ್ರೂ ಹಿಡದು ಒಳಗ ಹಾಕಾಕತ್ತಾರ. ಅಂವ ಒಂದ್ ಮಾತು ಹೇಳಿದ್ರ ಪೊಲೀಸ್ ಫೌಜದಾರ ಮನಿಗಿ ಬರ್ತಾನ."

"ಬರ್ಲಿ. ಅವನ ಹೆಂಡ್ತಿ ತಿನ್ನೂ ಬ್ಯಾಳೀನೂ ನಾನ ಹಸನ ಮಾಡೇನಿ."

ಮಾರನೆಯ ದಿನ ಸಂತೆ. ಹಸನು ಮಾಡುವ ದಿನವೂ ಅದೇ. ಬೋರವ್ವ ಬೆಳಿಗ್ಗೆ ಮೊರ ಎತ್ತಿಕೊಂಡು ಕಾಸಿಂಬಿಯ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಕಾಸಿಂಬಿ ಪಕ್ಕದವಳಿಗೆ ಹೇಳಿದಳು. ರಾಮವ್ವನಿಗೆ "ನೀನೂ ಬಾ, ಹೆಂಗೂ ಸಾಲಿ ಇಲ್ಲ" ಎಂದಳು ಅವ್ವ.

ಸಾಹುಕಾರನ ಹಿತ್ತಲಲ್ಲಿ ಕಿಟಕಿಯ ಚೀಲ ಬಾಯಿ ಬಿಚ್ಚಿ ನಿಂತಿತ್ತು. ಬೋರವ್ವ ಒಂದು ಮೂಲೆ ಹಿಡಿದಳು, ಕಾಸಿಂಬಿ ಇನ್ನೊಂದು. ಉಳಿದವರು ಅಡಿಗೆ ಕೈಕೊಟ್ಟರು. ಸಂದಿಯಿಂದ ಹೊರಬಿದ್ದು, ಪೇಟೆಯ ರಸ್ತೆಗೆ ಬಂದು, ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಚೀಲ ಇಳಿಸಿದರು. ಸುತ್ತಲೂ ಕುಳಿತರು. ಮೊರಗಳು ಮೇಲೆ ಕೆಳಗೆ ಆಡತೊಡಗಿದವು. ಧೂಳು ಎದ್ದು ಸೀದಾ ಸಾಹುಕಾರನ ಗಲ್ಲಾಪೆಟ್ಟಿಗೆಗೆ ಬಡಿಯಿತು.

ಸಾಹುಕಾರ ಗಿರಾಕಿಗೆ ಬೆಲ್ಲ ತೂಗುತ್ತಿದ್ದ. "ಏ ಬೋರಿ, ಏನ ಹಚ್ಚೀರಿ ಇದು? ಹಿಂದ ನಡೀರಿ ಬೋಸುಡೇರ್ಯಾ."

"ಹಸನ ಮಾಡಂದೀರಿ, ಮಾಡಾಕತ್ತೇವ್ರಿ. ಹಿಂದ ಬೆಳಕ ಸಾಲೂದಿಲ್ಲ."

ಆರಿಸಿದ ಕಲ್ಲುಗಳನ್ನು ಅವರು ಎಸೆಯಲಿಲ್ಲ. ನಡುವೆ ಒಂದು ಬಟ್ಟೆ ಹಾಸಿ ಅದರ ಮೇಲೆ ಹಾಕುತ್ತಿದ್ದರು. ಸಂತೆಗೆ ಬಂದ ಹಳ್ಳಿಯ ಜನ ನಿಂತು ನೋಡತೊಡಗಿದರು. ಯಾರೋ ಒಬ್ಬ, "ಇದು ಯಾರ ಬ್ಯಾಳಿ ಯವ್ವಾ?" ಎಂದ.

"ನಾವು ತಿನ್ನೂದು" ಎಂದಳು ಕಾಸಿಂಬಿ. ಆಮೇಲೆ ತಲೆಯ ಮೇಲಿನ ಹಲಗೆ ತೋರಿಸಿ, "ರಾಮವ್ವಾ, ಅದನ್ನ ಓದವಾ. ನಾ ಒಮ್ಮಿನೂ ಕೇಳಿಲ್ಲ" ಎಂದಳು.

ರಾಮವ್ವ ಎದ್ದು ನಿಂತಳು. ಮೊದಲ ಸಾಲನ್ನು ತಗ್ಗಿದ ದನಿಯಲ್ಲಿ ಓದಿದಳು. "ತೊಗರಿ ಬ್ಯಾಳಿ, ಕಿಲೋಕ್ಕ ಎರಡು ರೂಪಾಯಿ ಎಂಬತ್ತು ಪೈಸಾ."

"ಜೋರಾಗಿ" ಎಂದಳು ಕಾಸಿಂಬಿ.

ಅವಳು ಜೋರಾಗಿ ಓದಿದಳು. ಬೆಲ್ಲ ಓದಿದಳು, ಎಣ್ಣೆ ಓದಿದಳು. ಪ್ರತಿ ದರಕ್ಕೂ ಮೆಟ್ಟಿಲ ಮೇಲಿನ ಒಬ್ಬೊಬ್ಬಳು ಕಿಟಕಿಯಲ್ಲಿ ತಾನು ಕೊಟ್ಟದ್ದನ್ನು ಹೇಳಿದಳು. ಬೆಲ್ಲಕ್ಕೆ ನಿಂತಿದ್ದ ಗಿರಾಕಿ ತನ್ನ ಪೊಟ್ಟಣ ಬಿಚ್ಚಿ ನೋಡಿಕೊಂಡ.

ಆಗಲೇ ತುಳಸೀಬಾಯಿ ಕೈಚೀಲ ಹಿಡಿದು ಬಂದರು. ಸಾಹುಕಾರ ಮುಖ ಅರಳಿಸಿ, "ಬರ್ರಿ ಅಕ್ಕೋರ, ಇವ್ರನ್ನ ದಾಟಿ ಬರ್ರಿ" ಎಂದ. ಅಕ್ಕೋರು ಬಟ್ಟೆಯ ಮೇಲಿನ ಕಲ್ಲಿನ ರಾಶಿ ನೋಡಿದರು, ರಾಮವ್ವನ ಮುಖ ನೋಡಿದರು. "ಆಮ್ಯಾಲ ಬರ್ತೇನಿ" ಎಂದು, ಯಾರಿಗೆ ಹೇಳಿದರೋ ತಿಳಿಯದಂತೆ ಹೇಳಿ, ಬಂದ ದಾರಿಯಲ್ಲೇ ಹೋದರು.

ಸಾಹುಕಾರ ಹುಲ್ಲಪ್ಪನಿಗೆ ಆಳು ಕಳಿಸಿದ. ಹುಲ್ಲಪ್ಪ ಓಡುತ್ತಲೇ ಬಂದ. ಅವನ ಹಿಂದೆ ಓಣಿಯ ಗಂಡಸರು ಬಂದು ರಸ್ತೆಯ ಆಚೆ ಬದಿಗೆ ನಿಂತರು.

"ಹುಲ್ಲ್ಯಾ, ನಿನ್ನ ಹೆಂಡ್ತೀನ ಎಳಕೊಂಡ ಹೋಗು. ಈಗಿಂದೀಗ ನೂಲು ಕೊಡ್ತೇನಿ, ಒಯ್ಯಿ. ಇಲ್ಲಂದ್ರ ನಿಂದಷ್ಟ ಅಲ್ಲ, ಇಡೀ ಓಣಿದು ಬಂದ್. ಏನಂತೀ?"

ಮೊರಗಳು ನಿಂತವು. ಹುಲ್ಲಪ್ಪ ಹೆಂಡತಿಯನ್ನು ನೋಡಿದ, ಮಗಳ ಕೆನ್ನೆ ನೋಡಿದ. ಆಚೆ ಬದಿಯ ಗಂಡಸರನ್ನು ನೋಡಿದ. ಅವರಲ್ಲಿ ಒಬ್ಬರೂ ತಲೆ ಆಡಿಸಲಿಲ್ಲ, ಹೌದೆಂದೂ ಇಲ್ಲ, ಅಲ್ಲವೆಂದೂ ಇಲ್ಲ.

"ನಿನ್ನಿ ನೂಲು ಬಂದ್ ಮಾಡೀರಿ ಸಾವ್ಕಾರ್ರ. ಮಗ್ಗ ನಿಂತೈತಿ. ನನಗೂ ಇವತ್ತ ಕೆಲಸ ಇಲ್ರಿ."

ಅಷ್ಟು ಹೇಳಿ, ಅವನು ಕೆಳಗಿನ ಮೆಟ್ಟಿಲ ಮೇಲೆ ಬೋರವ್ವನ ಪಕ್ಕದಲ್ಲಿ ಕುಳಿತ. ಮೊರದೊಳಗೆ ಕೈ ಹಾಕಿದ. ಅವನಿಗೆ ಆ ಕೆಲಸ ಬರುತ್ತಿರಲಿಲ್ಲ. ದೊಡ್ಡ ಕಲ್ಲುಗಳನ್ನಷ್ಟೇ ಆರಿಸುತ್ತಿದ್ದ.

"ಹಂಗಲ್ಲ" ಎಂದಳು ಬೋರವ್ವ, ಮೊರ ಅವನ ಕಡೆ ವಾಲಿಸಿ. "ಸಣ್ಣು ನೋಡು. ಹಲ್ಲು ಮುರಿಯೂದು ಅವ."

ರಸ್ತೆಯ ಆಚೆಯಿಂದ ಇನ್ನೊಬ್ಬ ದಾಟಿ ಬಂದ. ಆಮೇಲೆ ಮತ್ತೊಬ್ಬ.

ಸಾಹುಕಾರ ಫೌಜದಾರನ ಹೆಸರು ಹೇಳಿ ಆಳನ್ನು ಓಡಿಸಿದ. ನಂತರ ತುಂಬಿದ ಸಂತೆಯ ನಡುಹಗಲಿನಲ್ಲಿ, ಅಂಗಡಿ ಮುಚ್ಚಲು ಬಾಗಿಲಿನ ಹಲಗೆಗಳನ್ನು ತಾನೇ ಒಂದೊಂದಾಗಿ ಇಡತೊಡಗಿದ. ಮೆಟ್ಟಿಲ ಮೇಲೆ ಯಾರೂ ತಿರುಗಿ ನೋಡಲಿಲ್ಲ. ಚೀಲದಲ್ಲಿ ಬೇಳೆ ಇನ್ನೂ ಅರ್ಧ ಉಳಿದಿತ್ತು.