ಹನುಮಕ್ಕನ ನಾಲಿಗೆ

ಹನುಮಕ್ಕ ಸಾರಿನ ಪುಡಿಯ ರುಚಿಯನ್ನು ಚಮಚದಲ್ಲಾಗಲಿ ತಟ್ಟೆಯಲ್ಲಾಗಲಿ ನೋಡಿದವರಲ್ಲ. ಎಡಗೈ ಚಾಚಿ, ಅಂಗೈಯನ್ನು ಗುಳಿ ಮಾಡಿ ಕೂರುತ್ತಾರೆ. ಆ ಹೊತ್ತಿನ ಮಸಾಲೆ ಹುರಿದ ಹೆಂಗಸೇ ಬಂದು, ಬಿಸಿ ಬೇಳೆಕಟ್ಟಿನಲ್ಲಿ ಒಂದು ಚಿಟಿಕೆ ಪುಡಿ ಕದಡಿ, ಆ ಗುಳಿಗೆ ಸುರಿಯಬೇಕು. ಸುರಿದ ಮೇಲೆ ತೀರ್ಪು ಬರುವ ತನಕ ಎದುರಿಗೇ ನಿಂತಿರಬೇಕು. ಅಂಗೈ ನೆಕ್ಕಿ, ಬಾಯಿ ಚಪ್ಪರಿಸಿ, ನಿಂತವಳನ್ನು ಒಮ್ಮೆ ದಿಟ್ಟಿಸಿ, ಹನುಮಕ್ಕ "ಹೋಗ್ಲಿ" ಎಂದರೆ ಆ ಡ್ರಮ್ಮು ಪ್ಯಾಕಿಂಗಿಗೆ ಹೋಯಿತು. "ಇರ್ಲಿ" ಎಂದರೆ ಮೂಲೆ ಸೇರಿತು. ಚಾಮರಾಜಪೇಟೆಯ ಆ ತಗಡಿನ ಸೂರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಂದ ಈ ಎರಡು ಮಾತುಗಳ ಮೇಲೆ ಮೇಲ್ಮನವಿ ಎಂಬುದಿರಲಿಲ್ಲ. ಪೊಟ್ಟಣದ ಮೇಲೂ ಅದನ್ನೇ ಅಚ್ಚು ಹಾಕಿಸಿದ್ದರು: ಹನುಮಕ್ಕನ ನಾಲಿಗೆ ಒಪ್ಪಿದ ಸಾರಿನ ಪುಡಿ.

ಎಪ್ಪತ್ತರ ಹೊಸ್ತಿಲಲ್ಲಿರುವ ಈ ಹೆಂಗಸು, ಸೊಂಟದಲ್ಲಿ ತುಂಬಿದ ಕೊಡವಿದೆಯೇನೋ ಎಂಬಂತೆ ಎಡಕ್ಕೆ ಕೊಂಚ ವಾಲಿಕೊಂಡು ಬಿರಬಿರನೆ ನಡೆಯುತ್ತಾರೆ. ಸುಡುಬೇಸಿಗೆಯಲ್ಲೂ ಸೀರೆಯ ಮೇಲೊಂದು ಗಂಡಸರ ಖಾಕಿ ಕೋಟು. ಅದು ಹಿಟ್ಟಿನ ಗಿರಣಿ ನಡೆಸುತ್ತಿದ್ದ ಗಂಡ ಬೈರಯ್ಯನವರದು. ಯಾರಾದರೂ ಕೇಳಿದರೆ, "ಮೆಣಸಿನಕಾಯಿ ಘಾಟು ಬಟ್ಟೆಗೆ ಹತ್ತಿದ್ರೆ ಒಗೀಬೋದು, ಮೈಗೆ ಹತ್ತಿದ್ರೆ ಏನ್ಮಾಡ್ತೀಯಾ?" ಎನ್ನುತ್ತಾರೆ. ಆ ಗಿರಣಿಯ ಮೂಲೆಯಲ್ಲಿ ಒಂದು ಬಾಣಲೆಯಿಟ್ಟುಕೊಂಡು ಶುರುವಾದ ಕಸುಬು ಅದು. ಒಂದು ದಿನ ರಸ್ತೆ ಬದಿಯಲ್ಲಿ ಜಲ್ಲಿ ಕಲಸುವ ಯಂತ್ರ ತಿರುಗುತ್ತಿದ್ದುದನ್ನು ಅರ್ಧ ಗಂಟೆ ನಿಂತು ನೋಡಿ, ನೆಟ್ಟಗೆ ಲೇತ್ ಅಂಗಡಿಗೆ ಹೋಗಿ, ಅಂಥದ್ದೇ ಚಿಕ್ಕದೊಂದನ್ನು ಮಾಡಿಕೊಡಿ, ಧನಿಯ ಹುರಿಯಬೇಕು ಎಂದರಂತೆ. ಲೇತಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಬೈರಯ್ಯ ನಗಲೂ ಇಲ್ಲ, ಹೆಂಡತಿಗೆ ತಲೆ ಕೆಟ್ಟಿತೆಂದು ಎರಡು ದಿನ ಊಟ ಬಿಟ್ಟರು. ಆ ಯಂತ್ರ ಇಂದಿಗೂ ತಿರುಗುತ್ತಿದೆ. ಅದು ಬಂದಾಗ ಹುರಿಯುವ ಹೆಂಗಸರು ತಮ್ಮನ್ನು ಮನೆಗೆ ಕಳಿಸುತ್ತಾರೆಂದು ಹೆದರಿದ್ದರು, ಒಬ್ಬರನ್ನೂ ಕಳಿಸಲಿಲ್ಲ. "ಮಿಶಿನ್ನು ತಂದಿರೋದು ನಿಮ್ಮ ತೋಳಿಗೆ ಬಿಡುವು ಸಿಗ್ಲಿ ಅಂತ" ಎಂದಷ್ಟೇ ಹೇಳಿದರು.

ಇನ್ನೊಂದು ಹಟವೂ ಇತ್ತು. "ಇರ್ಲಿ" ಎಂದ ದಿನ, ತಪ್ಪು ಯಾರದೆಂದು ನಾಲ್ಕು ಜನರೆದುರು ಕೇಳುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಆ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಮನೆಯ ಸಮಾಚಾರ ವಿಚಾರಿಸಿ, ತಮ್ಮ ಡಬ್ಬಿಯ ಪಲ್ಯ ಬಡಿಸಿ ಕಳಿಸುವರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು ಎಂದು ಎಷ್ಟೋ ಹೆಂಗಸರು ಹೇಳುತ್ತಿದ್ದರು.

ತಂಗಿಯ ಮಗಳು ವಿಶಾಖಾಳಿಗೆ ಈ ದೊಡ್ಡಮ್ಮನೆಂದರೆ ಪ್ರಾಣ. ಆಹಾರ ತಂತ್ರಜ್ಞಾನ ಓದಿ, ಆಮೇಲೆ ವ್ಯವಹಾರ ನಿರ್ವಹಣೆಯಲ್ಲೂ ಪದವಿ ಪಡೆದು ಕಾರ್ಖಾನೆಯನ್ನು ಸೇರಿದವಳು. ಹೊಸತನ ಎಷ್ಟು, ನಾಯಕತ್ವ ಎಷ್ಟು, ತಂತ್ರಜ್ಞಾನ ಎಷ್ಟು ಬೆರೆತರೆ ಉದ್ಯಮ ಮೇಲೇಳುತ್ತದೆ ಎಂಬುದನ್ನು ಗೆರೆ ಎಳೆದು ತೋರಿಸಬಲ್ಲಳು, ಪಾಪ. ಅವಳನ್ನು ಕಾಡುತ್ತಿದ್ದ ಚಿಂತೆ ಒಂದೇ: ಇಷ್ಟು ದೊಡ್ಡ ವ್ಯಾಪಾರ ವಯಸ್ಸಾದ ಒಂದು ನಾಲಿಗೆಯ ಮೇಲೆ ನಿಂತಿದೆಯಲ್ಲ, ನಾಳೆ ಆ ನಾಲಿಗೆ ಇಲ್ಲದಿದ್ದರೆ? ಅದೇ ಹೊತ್ತಿಗೆ ದೊಡ್ಡದೊಂದು ಅಂಗಡಿ ಸಮೂಹದ ಖರೀದಿ ಮುಖ್ಯಸ್ಥ ಮಧುಸೂದನ್, ತನ್ನ ಶೇಷಾದ್ರಿಪುರಂ ಆಫೀಸಿಗೆ ಅವಳನ್ನು ಕರೆಸಿ, ಪುಡಿಯನ್ನು ತಮ್ಮ ಎಲ್ಲ ಮಳಿಗೆಗಳಿಗೂ ಒಯ್ಯುವ ಮಾತೆತ್ತಿದ. ಷರತ್ತೂ ಅದೇ ಚಿಂತೆಯಿಂದಲೇ ಹುಟ್ಟಿದ್ದು. "ನಾಲಿಗೆ ಬೇಕು ಮೇಡಂ, ಆದ್ರೆ ಅಮ್ಮನವ್ರ ಮೇಲೇ ಡಿಪೆಂಡ್ ಆಗ್ಬಾರ್ದು. ಅದನ್ನ ಮೆಶೀನ್‌ಗೆ ಕಲಿಸಿ."

ವಿಶಾಖಾ ಕಲಿಸಿದಳು. ಹನುಮಕ್ಕ ರುಚಿ ನೋಡುವ ಜಾಗದಲ್ಲೊಂದು ಕ್ಯಾಮೆರಾ ನಿಲ್ಲಿಸಿ, ಎರಡು ವರ್ಷ, ಪ್ರತಿ ಡ್ರಮ್ಮಿನ ಪುಡಿಯ ಚಿತ್ರ, ತೇವ, ಹುರಿದ ಬಿಸಿ, ಎಲ್ಲವನ್ನೂ ಹನುಮಕ್ಕನ ತೀರ್ಪಿನೊಂದಿಗೆ ಕಂಪ್ಯೂಟರಿಗೆ ಉಣಿಸಿದಳು. ಕೊನೆಗೆ ಹನುಮಕ್ಕ ಬಾಯಿ ತೆರೆಯುವ ಮೊದಲೇ ಅದು ಹೋಗ್ಲಿಯೋ ಇರ್ಲಿಯೋ ಎಂದು ಹೇಳತೊಡಗಿತು. ಇಪ್ಪತ್ತು ಇರ್ಲಿಗಳಲ್ಲಿ ಹತ್ತೊಂಬತ್ತನ್ನು ಹಿಡಿಯುತ್ತಿತ್ತು. ಮಧುಸೂದನ್ ಹಿರಿಹಿರಿ ಹಿಗ್ಗಿದ. ಊರಾಚೆ ಹೊಸ ಕಾರ್ಖಾನೆ ಕಟ್ಟೋಣ, ಈ ಯಂತ್ರವಿದ್ದರೆ ಇಪ್ಪತ್ತೆರಡು ಹೆಂಗಸರ ಕೆಲಸ ಐದೇ ಜನರಿಂದ ಆಗುತ್ತದೆ ಎಂದ. ಆ ಮಾತು ವಿಶಾಖಾಳಿಗೆ ಹಿಡಿಸಲಿಲ್ಲ. ಆಮೇಲೆ ನೋಡಿಕೊಳ್ಳೋಣ ಎಂದು ನುಂಗಿಕೊಂಡಳು.

ಸಹಿ ಬೀಳಲು ನಾಲ್ಕು ದಿನವಿತ್ತು. ಚಿತ್ರಗಳಲ್ಲಿ ಕೆಲಸದವರ ಮುಖ ಬರುತ್ತಿದೆ, ನಮ್ಮ ವಕೀಲರು ಒಪ್ಪುವುದಿಲ್ಲ, ಕತ್ತರಿಸಿ ಎಂದು ಮಧುಸೂದನ್ ಹೇಳಿ ಕಳಿಸಿದ. ಇದೇನು ಮಹಾ ಎಂದುಕೊಂಡು ವಿಶಾಖಾ ಎಲ್ಲ ಚಿತ್ರಗಳ ಮೇಲ್ಭಾಗವನ್ನು ಕತ್ತರಿಸಿ, ಅಂಗೈ ಮತ್ತು ಪುಡಿ ಮಾತ್ರ ಕಾಣುವಂತೆ ಮಾಡಿ, ಕಂಪ್ಯೂಟರಿಗೆ ಮತ್ತೆ ಕಲಿಸಿ ನೋಡಿದಳು. ಇಪ್ಪತ್ತರಲ್ಲಿ ಒಂದೇ ಒಂದು ಇರ್ಲಿಯನ್ನೂ ಅದು ಹಿಡಿಯಲಿಲ್ಲ. ಪುಡಿಯನ್ನೇ ಮರೆಸಿ ಬರೀ ಮುಖ ತೋರಿಸಿದಳು. ಹತ್ತೊಂಬತ್ತು ಹಿಡಿಯಿತು. ಎರಡು ವರ್ಷ ಆ ಯಂತ್ರ ಪುಡಿಯನ್ನು ನೋಡಿಯೇ ಇರಲಿಲ್ಲ. ಪುಡಿ ತಂದವರ ಮುಖ ನೋಡಿ ದೊಡ್ಡಮ್ಮನ ತೀರ್ಪನ್ನು ಊಹಿಸುತ್ತಿತ್ತು. ಹಾಗಾದರೆ ದೊಡ್ಡಮ್ಮ ಏನು ನೋಡುತ್ತಿದ್ದರು?

ಮಾರನೆಯ ಬೆಳಿಗ್ಗೆ ವಿಶಾಖಾ ತನ್ನ ಜನ್ಮದಲ್ಲಿ ಮಾಡದ ಕೆಲಸವೊಂದನ್ನು ಮಾಡಿದಳು. ಕಾರ್ಖಾನೆಯಲ್ಲೇ ಹಿರಿಯರಾದ ಮಾರಕ್ಕ ಹದವಾಗಿ ಹುರಿದು ಪುಡಿ ಮಾಡಿಟ್ಟು, ಬೇಳೆಕಟ್ಟು ತರಲು ಆಚೆ ಹೋದಾಗ, ಡ್ರಮ್ಮಿಗೆ ಸೀದ ಮೆಂತ್ಯದ ಪುಡಿಯನ್ನು ಬೊಗಸೆಗಟ್ಟಲೆ ಸುರಿದು ಕಲಸಿಬಿಟ್ಟಳು. ನಾಲಿಗೆಗೆ ಸೋಕಿದರೆ ಮಗುವೂ ಉಗುಳುವಂಥ ಕಹಿ. ಏನೂ ಅರಿಯದ ಮಾರಕ್ಕ ಬಂದು, ಚಿಟಿಕೆ ಕದಡಿ, ಹನುಮಕ್ಕನ ಅಂಗೈಗೆ ಸುರಿದು, ನೆಮ್ಮದಿಯ ಮುಖದಲ್ಲಿ ನಿಂತರು. ಹನುಮಕ್ಕ ನೆಕ್ಕಿದರು, ಚಪ್ಪರಿಸಿದರು, ಮಾರಕ್ಕನನ್ನು ನೋಡಿದರು.

"ಹೋಗ್ಲಿ."

ಆ ಡ್ರಮ್ಮು ಪೇಟೆಗೆ ಹೋಗದಂತೆ ತಡೆಯಬೇಕಲ್ಲ ಎಂದು ವಿಶಾಖಾ ಪ್ಯಾಕಿಂಗ್ ಮೇಜಿಗೆ ಓಡಿದರೆ, ಮಾರಕ್ಕ ಆಗಲೇ ಅದನ್ನು ಗೋಡೆಗೆ ಸರಿಸಿ, ಮೇಲೆ ಗೋಣಿ ಮುಚ್ಚುತ್ತಿದ್ದರು. ಅವರ ತುಟಿಯ ಮೇಲೆ ಪುಡಿಯಿತ್ತು.

"ಯಾಕೆ ಮಾರಕ್ಕ? ದೊಡ್ಡಮ್ಮ ಹೋಗ್ಲಿ ಅಂದ್ರಲ್ಲ?"

ಮಾರಕ್ಕ ಸುತ್ತ ನೋಡಿ ದನಿ ತಗ್ಗಿಸಿದರು. "ವಿಶಾಖಮ್ಮ, ಅಮ್ಮಂಗೆ ರುಚಿ ಗೊತ್ತಾಗ್ತಿಲ್ಲ. ನಾಲ್ಕು ವರ್ಷದ ಹಿಂದೆ ಆ ಜ್ವರ ಬಂದು ಹೋಯ್ತಲ್ಲ, ಅವತ್ತಿಂದ. ಒಂದಿನ ಸಾರಿಗೆ ಉಪ್ಪೇ ಹಾಕಿರ್ಲಿಲ್ಲ ನಾವು. ಎರಡು ಸಲ ಹಾಕಿಸ್ಕೊಂಡು ಉಂಡ್ರು, ಚೆನ್ನಾಗೈತೆ ಅಂದ್ರು. ನಾವು ಯಾರೂ ಉಣ್ಣಕ್ಕಾಗ್ಲಿಲ್ಲ."

"ಮತ್ತೆ ಇಷ್ಟು ವರ್ಷ?"

"ಮೊದ್ಲು ನಾವು ನೋಡ್ತೀವಿ. ಕೆಟ್ಟಿದ್ರೆ ಮುಖ ಸಪ್ಪಗೆ ಮಾಡ್ಕೊಂಡು ಹೋಗಿ ನಿಂತ್ಕೋತೀವಿ, ಅವ್ರು ಇರ್ಲಿ ಅಂತಾರೆ. ಪ್ಯಾಕ್ ಮಾಡೋವಾಗ ಇನ್ನೊಂದು ಸಲ ನೋಡ್ತೀವಿ. ಅವ್ರಿಗೆ ಮಾತ್ರ ಹೇಳ್ಬೇಡಿ. ನಮ್ಗೆ ಗೊತ್ತಿದೆ ಅಂತ ಗೊತ್ತಾದ್ರೆ ಅವ್ರು ಉಳಿಯಲ್ಲ."

ವಿಶಾಖಾ ಮೆಣಸಿನಕಾಯಿ ಮೂಟೆಯ ಮೇಲೆ ಕುಳಿತಳು. ಆ ನಾಲ್ಕು ವರ್ಷಗಳಲ್ಲಿ ಅಂಗಡಿಗಳಿಂದ ವಾಪಸು ಬಂದ ಪೊಟ್ಟಣಗಳು ಹಿಂದೆಂದಿಗಿಂತ ಕಡಿಮೆ. ಅದನ್ನು ತನ್ನ ತಂತ್ರಜ್ಞಾನದ ಫಲವೆಂದು ಬರೆದಿಟ್ಟವಳು ಅವಳೇ. ಇಪ್ಪತ್ತೆರಡು ಜನರಿಗೆ ಗೊತ್ತಿದ್ದ ಸಂಗತಿ, ಎರಡು ಪದವಿ ಪಡೆದ ಮನೆಮಗಳಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಹದಿನೇಳು ಹೆಂಗಸರು ಮನೆಗೆ ಹೋಗುತ್ತಾರೆ, ಅವರೊಂದಿಗೆ ರುಚಿಯೂ ಹೋಗುತ್ತದೆ. ಬಾಯಿ ಬಿಟ್ಟರೆ, ಪೊಟ್ಟಣದ ಮೇಲೆ ಅಚ್ಚಾದ ದೊಡ್ಡಮ್ಮನ ಮಾನ ಹೋಗುತ್ತದೆ.

ಮಾರಕ್ಕನ ಮಾತು ಮೀರದೆ, ಯಂತ್ರ ಬರೀ ಮುಖ ನೋಡುತ್ತಿದ್ದ ವಿಷಯವನ್ನೂ ಐದೇ ಜನರ ವಿಷಯವನ್ನೂ ಮಾತ್ರ ಅವಳು ಹನುಮಕ್ಕನಿಗೆ ಹೇಳಿದಳು. ಹನುಮಕ್ಕ ಕೋಟಿನ ಗುಂಡಿ ತಿರುವಿದರು.

"ಅದು ಸರಿಯಾಗೇ ಕಲ್ತಿದೆ ಬಿಡವ್ವ" ಎಂದರು. "ಮಾಡಿದೋಳಿಗೆ ಗೊತ್ತಿರುತ್ತೆ ಅಂತ ನಾನೂ ಮುಖಾನೇ ನೋಡ್ತಿದ್ದೆ. ಇನ್ನೇನ್ಮಾಡ್ಲಿ, ಇವ್ರೆಲ್ಲ ನನ್ನ ನಂಬ್ಕೊಂಡವ್ರೆ."

ಒಪ್ಪಂದದ ದಿನ ಮಧುಸೂದನ್ ಕಾಗದಗಳನ್ನು ಹಿಡಿದು ಕಾರ್ಖಾನೆಗೇ ಬಂದ. ಹೆಂಗಸರೆಲ್ಲ ಕೈ ಒರೆಸಿಕೊಂಡು ಸುತ್ತ ನಿಂತರು. ಆತ ಪೊಟ್ಟಣವೊಂದನ್ನು ಎತ್ತಿ ಹಿಡಿದು, ನಿಮ್ಮ ನಾಲಿಗೆಯನ್ನು ನಾವು ದೇಶಕ್ಕೆಲ್ಲ ಕೊಡುತ್ತೇವೆ ಅಮ್ಮಾ ಎಂದು ಭಾಷಣ ಶುರುಮಾಡುವಷ್ಟರಲ್ಲಿ ಹನುಮಕ್ಕ ಎದ್ದು ನಿಂತರು.

"ಸ್ವಾಮಿ, ಈ ನಾಲಿಗೆ ಸತ್ತು ನಾಲ್ಕು ವರ್ಷ ಆಯ್ತು. ಖಾರ ಒಂದು ಉರಿಯುತ್ತೆ, ಇನ್ನೇನೂ ಗೊತ್ತಾಗಲ್ಲ. ನಾನು ನೋಡ್ತಿದ್ದಿದ್ದು ಇವ್ರ ಮುಖಾನ. ಇವ್ರನ್ನ ಬಿಟ್ರೆ ನಿಮ್ಮ ಮಿಶಿನ್ನಿಗೂ ಏನೂ ಬರಲ್ಲ, ನಂಗೂ ಏನೂ ಬರಲ್ಲ."

ಹನುಮಕ್ಕ ಹೆಂಗಸರ ಕಡೆ ತಿರುಗಿದರು. "ನಿಮ್ಗೂ ಹೇಳ್ದೆ ಮುಚ್ಚಿಟ್ಟೆ. ತಪ್ಪಾಯ್ತು ಕಣ್ರವ್ವ" ಎಂದು, ಬರಬಹುದಾದ ಸಿಟ್ಟಿಗೆ ಮೈಯೊಡ್ಡಿ, ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಇಪ್ಪತ್ತೆರಡು ಮುಖಗಳಲ್ಲಿ ಒಂದರಲ್ಲೂ ಬೆರಗಿರಲಿಲ್ಲ. ಮಾರಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನೆಲ ನೋಡುತ್ತಿದ್ದರು. ಮುಖ ಓದುವುದನ್ನೇ ಬಾಳಾಗಿಸಿಕೊಂಡಿದ್ದ ಹನುಮಕ್ಕನಿಗೆ ಅದನ್ನು ಓದಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಯಾವತ್ತಿಂದ?" ಎಂದರು.

"ಮೊದ್ಲಿಂದ್ಲೂ ಅಮ್ಮ" ಎಂದರು ಮಾರಕ್ಕ.

ಗಂಡ ತೀರಿಕೊಂಡಾಗಲೂ ಗೋಡೆಗೆ ಒರಗದೆ ನಿಂತಿದ್ದ ಆ ಹೆಂಗಸು ಅಂದು ಎಲ್ಲರೆದುರು ನೆಲಕ್ಕೆ ಕುಳಿತದ್ದನ್ನು ವಿಶಾಖಾ ಇಂದಿಗೂ ನಂಬಲಾರಳು. ಮಧುಸೂದನ್ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು, ಫೋನ್ ಮಾಡುತ್ತೇನೆಂದು ಹೇಳಿ ಹೋದವನು ಮಾಡಲಿಲ್ಲ. ಹೊಸ ಕಾರ್ಖಾನೆ ಏಳಲಿಲ್ಲ. ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ.

ಕೈಯಾರೆ ಉದ್ಯಮ ಕಟ್ಟಿದ ಇಂಥವರನ್ನು ಲೋಕ ಒಬ್ಬಂಟಿ ಸಾಹಸಿಗಳೆಂದು ಹೊಗಳುತ್ತದೆ. ಕೇಳಿ ಕೇಳಿ ಅವರೂ ನಂಬಿಬಿಡುತ್ತಾರೆ. ತಾವೊಂದು ದಿನ ಸೋತು ಕಂಡರೆ ನಂಬಿದವರೆಲ್ಲ ಬೀದಿಪಾಲಾಗುತ್ತಾರೆಂದು ಹೆದರಿ, ತಮ್ಮ ಕುಂದನ್ನು ಎದೆಯೊಳಗೆ ಹೂತಿಟ್ಟುಕೊಂಡು, ಮುಂಜಾನೆಯಿಂದ ಸಂಜೆಯವರೆಗೆ ಗಟ್ಟಿಗರಂತೆ ಓಡಾಡುತ್ತಾರೆ. ಯಾವ ನಷ್ಟಕ್ಕೂ ಅವರು ಕಣ್ಣೀರು ಹಾಕುವವರಲ್ಲ. ಅಷ್ಟು ದಿನವೂ ತಮ್ಮನ್ನು ಯಾರೋ ಸದ್ದಿಲ್ಲದೆ ಕಾಯುತ್ತಿದ್ದರು ಎಂದು ತಿಳಿದ ದಿನ ಮಾತ್ರ, ಮಕ್ಕಳ ಹಾಗೆ ಅತ್ತುಬಿಡುತ್ತಾರೆ.