ಇನ್ನೂರು ರೂಪಾಯಿಯ ಟ್ರ್ಯಾಕ್ಟರು

ನಾಲ್ಕು ವರ್ಷದ ನುಜಹತ ಕಪಾಟಿನ ಗಾಜಿಗೆ ಮೂಗು ಒತ್ತಿಕೊಂಡು ನಿಂತು ಹತ್ತು ನಿಮಿಷವಾಗಿತ್ತು. ಅವಳ ಉಸಿರಿಗೆ ಗಾಜು ಮಸುಕಾಗುತ್ತಿತ್ತು, ಅವಳೇ ಅಂಗೈಯಿಂದ ಒರೆಸಿ ಮತ್ತೆ ನೋಡುತ್ತಿದ್ದಳು. ಒಳಗೆ ಹನ್ನೊಂದು ಆಟಿಕೆ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಅವಳ ಬೆರಳು ನಡುವಿನ ಕೆಂಪು ಟ್ರ್ಯಾಕ್ಟರಿನ ಮೇಲೆ ಬಿತ್ತು, ಬಿದ್ದದ್ದು ಕದಲಲಿಲ್ಲ.

"ಅದು ಬೇಕು," ಎಂದಳು.

ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ ಶಹಾಬುದ್ದೀನನ ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ಅವನ ಅಕ್ಕ ಮರಿಯಮಬಿ ಮಗಳ ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹುಲಗೂರಿನಿಂದ ಬಂದಿದ್ದಳು, ನಾಲ್ಕರ ಬಸ್ಸಿಗೆ ತಿರುಗಿ ಹೋಗುವವಳಿದ್ದಳು. ಅಕ್ಕ ಬಂದಿದ್ದಾಳೆಂದೇ ಅವನು ಮಧ್ಯಾಹ್ನ ಅಂಗಡಿಯ ಶಟರು ಎಳೆದು ಮನೆಗೆ ಬಂದಿದ್ದ. ಅಡುಗೆಮನೆಯ ಬಾಗಿಲಲ್ಲಿ ಸಾರಿನ ಬೋಗುಣಿ ಹಿಡಿದು ನಿಂತಿದ್ದ ಅವನ ಹೆಂಡತಿ ಅಫ್ಸಾನಾ, ನಿಂತುಹೋದ ಆ ತುತ್ತನ್ನು ನೋಡಿದಳು. ನೋಡಿ ಅವಳಿಗೆ ಹಿತವಾಯಿತು.

ಬಂಕಾಪುರದ ಸುತ್ತ ಸುಟ್ಟುಹೋದ ಪಂಪಸೆಟ್ಟಿನ ಮೋಟಾರಿಗೆ ಹೊಸ ತಂತಿ ಸುತ್ತುವುದರಲ್ಲಿ ಶಹಾಬುದ್ದೀನನದು ಎತ್ತಿದ ಕೈ. ನಲವತ್ತೆರಡು ವಯಸ್ಸು, ಬೀಡಿ ಇಲ್ಲ, ಗುಟ್ಕಾ ಇಲ್ಲ, ಇಸ್ಪೀಟು ಇಲ್ಲ. ಐದು ವರ್ಷದ ಹಿಂದೆ ಅಂಗಡಿಯಲ್ಲಿ ಕುಡಿಯುವ ಚಹಾವನ್ನೂ ಬಿಟ್ಟ. ಕಾಲಿನ ಚಪ್ಪಲಿಗೆ ಮೂರು ಸಲ ಹೊಲಿಗೆ ಬಿದ್ದಿತ್ತು. ಇಂಥ ಗಂಡ ಸಿಗಬೇಕಾದರೆ ನಸೀಬು ಬೇಕು ಎಂದು ಓಣಿಯ ಹೆಂಗಸರು ಹೇಳಿದಾಗಲೆಲ್ಲ ಅಫ್ಸಾನಾ ಹೌದೌದು ಎಂದು ಬೀಗಿದ್ದಳು. ಈಗ ನೆನೆದರೆ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಅವನಿಗಿದ್ದ ಒಂದೇ ಚಟ ಈ ಟ್ರ್ಯಾಕ್ಟರುಗಳು. ತಗಡಿನವಲ್ಲ, ಪ್ಲಾಸ್ಟಿಕ್ಕಿನವೂ ಅಲ್ಲ. ಎತ್ತಿದರೆ ಕೈ ಜಗ್ಗುವಷ್ಟು ತೂಕ, ಸ್ಟಿಯರಿಂಗು ತಿರುಗಿಸಿದರೆ ಮುಂದಿನ ಗಾಲಿ ಹೊರಳುತ್ತಿತ್ತು, ಬಾನೆಟ್ಟು ಎತ್ತಿದರೆ ಒಳಗೆ ಕಡ್ಡಿಯಷ್ಟು ಸಣ್ಣ ಪೈಪುಗಳೂ ಇದ್ದವು. ಹೊಸದೊಂದು ಬಂದಾಗೆಲ್ಲ ಅಫ್ಸಾನಾ ಎಷ್ಟು ಕೊಟ್ಟಿರಿ ಎಂದು ಕೇಳುವಳು, ಅವನು ಇನ್ನೂರು ರೂಪಾಯಿ ಅನ್ನುವನು. ಐದು ವರ್ಷದಲ್ಲಿ ಉಳ್ಳಾಗಡ್ಡಿ ಏರಿತು, ಎಣ್ಣೆ ಏರಿತು, ಬಸ್ಸಿನ ಟಿಕೇಟು ಏರಿತು, ಟ್ರ್ಯಾಕ್ಟರು ಮಾತ್ರ ಇನ್ನೂರರಲ್ಲೇ ನಿಂತಿತ್ತು. ಅವಳಿಗೆ ಅನುಮಾನ ಬರಲಿಲ್ಲ. ಆಟಿಕೆಗೆ ಅದಕ್ಕಿಂತ ಹೆಚ್ಚು ಕೊಡುವ ಮನುಷ್ಯ ಲೋಕದಲ್ಲಿ ಇರಬಹುದೆಂದೇ ಅವಳು ಯೋಚಿಸಿರಲಿಲ್ಲ. ಸ್ವಂತ ಮಕ್ಕಳಿಬ್ಬರೂ ಕಪಾಟು ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಅವನ ದನಿ ಬೇರೆಯಾಗುತ್ತಿತ್ತು.

ಹೋದ ತಿಂಗಳ ಒಂದು ಶುಕ್ರವಾರ ಅವನು ನಮಾಜಿಗೆ ಹೋಗಿದ್ದಾಗ ಕೊರಿಯರಿನವನು ಅಂಗಡಿ ಮುಚ್ಚಿದ್ದನ್ನು ನೋಡಿ ಮನೆ ಹುಡುಕಿಕೊಂಡು ಬಂದಿದ್ದ. ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಬೆಲೆ ಅಚ್ಚಾಗಿತ್ತು, ಹದಿನೆಂಟು ಸಾವಿರದ ಐನೂರು. ಅವಳು ಅಂಕಿಗಳನ್ನು ಬೆರಳಿಟ್ಟು ಎಣಿಸಿದಳು. ಬೇರೆಯವರದ್ದಿರಬಹುದೆಂದು ಹೆಸರನ್ನೂ ಓದಿದಳು, ಗಂಡನದೇ. ನಮಾಜು ಮುಗಿದ ಮೇಲೆ ಅಂಗಡಿಗೇ ಕೊಡು ಎಂದು ಕೊರಿಯರಿನವನನ್ನು ತಿರುಗಿ ಕಳಿಸಿದಳು. ರಾತ್ರಿ ಗಂಡ ಕೆಂಪು ಟ್ರ್ಯಾಕ್ಟರನ್ನು ಎಳೆಗೂಸಿನಂತೆ ಎತ್ತಿಕೊಂಡು ಬಂದ. ಅವಳು ಕೇಳಿದಳು, ಅವನು ಇನ್ನೂರು ಎಂದ. "ಸಸ್ತಾ ಆತು ಬಿಡ್ರಿ," ಎಂದು ಅವಳು ರೊಟ್ಟಿ ಬಡಿಯಲು ಹೋದಳು.

ಅದಕ್ಕೆ ಮೂರೇ ದಿನ ಮೊದಲು ಅವಳು ಪಿಕೋ ಮಷೀನಿನ ಮಾತು ಎತ್ತಿದ್ದಳು. ಓಣಿಯವರ ಸೀರೆಗೆ ಅವಳು ಫಾಲ್ಸು ಹಚ್ಚುವಳು, ಅಂಚು ಸುತ್ತಿ ಹೊಲಿಯುವ ಪಿಕೋಗೆ ಮಾತ್ರ ಸೀರೆಯ ಗಂಟು ಹೊತ್ತುಕೊಂಡು ಶಿಗ್ಗಾಂವಿಗೆ ಹೋಗಬೇಕು. ಸಿಕ್ಕ ಕೂಲಿಯಲ್ಲಿ ಅರ್ಧ ಅಲ್ಲೇ ಹೋಗುತ್ತಿತ್ತು. ಹಳೆಯ ಮಷೀನು ಹದಿನಾಲ್ಕು ಸಾವಿರಕ್ಕೆ ಬರುತ್ತಿತ್ತು, ಕಂತಿನಲ್ಲಾದರೂ ಕೊಡಿಸಿ ಎಂದು ಬೇಡಿಕೊಂಡಳು. ಕೈ ಪೂರಾ ಖಾಲಿ ಇದೆ, ಈ ವರ್ಷ ಅದರ ಹೆಸರು ತೆಗೆಯಬೇಡ ಎಂದು ಅವನು ಗದರಿದ್ದ. ಚೀಟಿ ನೋಡಿದ ದಿನದಿಂದ ಅವಳು ಒಂದು ತಿಂಗಳು ಬಾಯಿ ಬಿಗಿಹಿಡಿದು ಬದುಕಿದಳು. ಒಂದು ಜಗಳ ಮಾಡಿ ಮುಗಿಸಿಬಿಡಲು ಅವಳಿಗೆ ಮನಸ್ಸಿರಲಿಲ್ಲ, ಅವನಿಗೆ ಉರಿಯುವಂಥದ್ದು ಏನಾದರೂ ಬೇಕಿತ್ತು.

"ಒಂದು ಕೊಡೋ ಕೂಸಿಗೆ, ಹತ್ತು ಉಳಿತಾವಲ್ಲ," ಎಂದಳು ಮರಿಯಮಬಿ ಕೈ ತೊಳೆಯುತ್ತ.

ಶಹಾಬುದ್ದೀನ ತುತ್ತನ್ನು ತಟ್ಟೆಗೆ ಬಿಟ್ಟ. ಅದರ ಅಂಚು ಹರಿತ, ಕೂಸಿನ ಕೈಗೆ ತಾಗೀತು ಎಂದ. ಬಣ್ಣ ವಿಷ, ಬಾಯಿಗೆ ಇಟ್ಟುಕೊಂಡರೆ ಕೆಟ್ಟದ್ದು ಎಂದ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇದಕ್ಕಿಂತ ದೊಡ್ಡದು, ಹಾಡು ಹೇಳುವಂಥದ್ದು ಕೊಡಿಸುತ್ತೇನೆ ಎಂದ. ನುಜಹತ ಗಾಜಿನಿಂದ ಮೂಗು ತೆಗೆಯಲಿಲ್ಲ. ಅಜ್ಜಿಯ ತವರಿಗೆ ಮೊದಲ ಸಲ ಬಂದ ಕೂಸನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಫ್ಸಾನಾ ಒಂದು ಫ್ರಾಕಿನ ಬಟ್ಟೆ ತಂದಿಟ್ಟಿದ್ದಳು. ಅದನ್ನು ಟ್ರಂಕಿನಿಂದ ತೆಗೆಯಲು ಹೋಗಲಿಲ್ಲ. ಬೋಗುಣಿ ಕೆಳಗಿಟ್ಟು ನೇರ ಕಪಾಟಿನ ಹತ್ತಿರ ಬಂದಳು.

"ಇನ್ನೂರು ರೂಪಾಯಿ ಸಾಮಾನಿಗೆ ಕೂಸಿನ್ನ ಅಳಸ್ತೀರೇನ್ರಿ?" ಎಂದಳು. "ಇನ್ನೂರ ಹೌದಲ್ಲ?"

ಅವನು ಅವಳ ಮುಖ ನೋಡಿದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ಅವಳು ಗಾಜು ಸರಿಸಿ, ಅಂಚಿನಲ್ಲಿದ್ದ ಸಣ್ಣವುಗಳನ್ನು ಬಿಟ್ಟು, ಕೆಂಪಿನದನ್ನೇ ಎರಡೂ ಕೈಯಲ್ಲಿ ಎತ್ತಿ ನುಜಹತಳ ತೋಳಿಗೆ ಹಾಕಿದಳು. ಕೂಸು ಭಾರಕ್ಕೆ ಜೋಲಿ ಹೊಡೆದು, ನಕ್ಕು, ಅಂಗಳಕ್ಕೆ ಓಡಿತು.

ಅಂಗಳಕ್ಕೆ ಹಾಸಿದ್ದು ಒರಟು ಕಲ್ಲು. ಗಾಲಿ ಉರುಳಿಸಬೇಕೆಂದು ನುಜಹತಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳು ಟ್ರ್ಯಾಕ್ಟರನ್ನು ಮಗ್ಗುಲಿಗೆ ಮಲಗಿಸಿ ಎಳೆದಳು. ಕರ್ ಎಂದು ಸದ್ದು ಬಂದಾಗೆಲ್ಲ ಶಹಾಬುದ್ದೀನನ ದವಡೆ ಕುಣಿಯುತ್ತಿತ್ತು. ಕೈಯ ಅನ್ನ ಒಣಗಿ ಬೆರಳಿಗೆ ಅಂಟಿತ್ತು. ಇನ್ನೊಂದು ಸ್ವಲ್ಪ ಸಾರು ಹಾಕಲೇ ಎಂದು ಅಫ್ಸಾನಾ ಕೇಳಿದಳು. ಇಷ್ಟು ಮೆತ್ತಗಿನ ದನಿಯಲ್ಲಿ ಅವಳು ಅವನನ್ನು ಮಾತಾಡಿಸಿ ಒಂದು ತಿಂಗಳಾಗಿತ್ತು. ಬೇಕಾದರೆ ಈಗಲೇ ಬಾಯಿ ಬಿಡಲಿ, ಅಕ್ಕನ ಮುಂದೆ ಬೆಲೆ ಹೇಳಲಿ. ಹೇಳದಿದ್ದರೆ ಕೂತು ನೋಡಲಿ. ಎರಡರಲ್ಲಿ ಯಾವುದಾದರೂ ಅವಳಿಗೆ ಸರಿಯೇ.

ಮರಿಯಮಬಿ ಎಲೆ ಅಡಿಕೆಯ ಚೀಲ ಬಿಚ್ಚಿ ಮನೆಯ ಕಷ್ಟ ಹೇಳಲು ಶುರುಮಾಡಿದಳು. ಹಿಂದಿನ ಕೋಣೆಯ ಹಂಚು ಪೂರ್ತಿ ಹೋಗಿತ್ತು. ತಗಡು ಹಾಕಿಸಲು ತಮ್ಮನ ಹತ್ತಿರ ಬಕ್ರೀದಿನಲ್ಲಿ ಹದಿನೈದು ಸಾವಿರ ಕೇಳಿದ್ದಳು, ಅವನ ಕೈ ಖಾಲಿ ಇತ್ತು, ಇರಲಿ, ಅವನಾದರೂ ಎಲ್ಲಿಂದ ತಂದಾನು ಎಂದು ಅವಳೇ ಸಮಾಧಾನದ ಮಾತೂ ಹೇಳಿದಳು. ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರು ಮೆಟ್ಟಿಲಿನಿಂದ ಕೆಳಗೆ ಬಿತ್ತು. ನುಜಹತ ಒಳಗೆ ಬಂದು ಅದರ ಮುರಿದ ಕನ್ನಡಿಯ ಚೂರನ್ನು ಅಂಗೈಯಲ್ಲಿ ತೋರಿಸಿದಳು, ಹುಣಸೆಬೀಜಕ್ಕಿಂತ ಸಣ್ಣದು.

ಶಹಾಬುದ್ದೀನ ಎದ್ದುನಿಂತ.

"ಆಪಾ, ಅದು ಹದಿನೆಂಟೂವರಿ ಸಾವಿರದ್ದು."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಮರಿಯಮಬಿಯ ಬೆರಳು ನಿಂತಿತು. ಇನ್ನೊಮ್ಮೆ ಹೇಳು ಎಂದಳು. ಅವನು ಇನ್ನೊಮ್ಮೆ ಹೇಳಿದ. ಹೇಳಿದ್ದೇ ತಡ ಅವನ ಮಾತು ಕಟ್ಟೆಯೊಡೆಯಿತು. ಮನೆಯ ರೊಕ್ಕ ಒಂದು ಪೈಸೆ ಮುಟ್ಟಿಲ್ಲ, ಮಜೂರಿ ಪೂರ್ತಿ ಶನಿವಾರಕ್ಕೊಮ್ಮೆ ಅಫ್ಸಾನಾಳ ಕೈಗೆ ಇಟ್ಟಿದ್ದೇನೆ, ಮೋಟಾರಿನಿಂದ ಕಿತ್ತ ಸುಟ್ಟ ತಾಮ್ರದ ತಂತಿ ಮಾರಿದ್ದು ಮಾತ್ರ ಬೇರೆ ಡಬ್ಬಿಯಲ್ಲಿ ಹಾಕಿದ್ದೇನೆ, ಚಹಾ ಬಿಟ್ಟು, ಚಪ್ಪಲಿ ಹೊಲಿಸಿಕೊಂಡು, ಐದಾರು ತಿಂಗಳು ಕಾದು ಒಂದೊಂದು ತಂದಿದ್ದೇನೆ, ಯಾರಿಗೆ ಏನು ಅನ್ಯಾಯ ಮಾಡಿದೆ ಎಂದು ಕೇಳಿದ. ತಂತಿಯನ್ನು ಗಿರಾಕಿಗಳೇ ಒಯ್ಯುತ್ತಾರೆ ಎಂದು ಇಷ್ಟು ವರ್ಷ ಅವನೇ ಹೇಳುತ್ತ ಬಂದಿದ್ದ. ಅಫ್ಸಾನಾಳಿಗೆ ಇದು ಹೊಸ ಸುದ್ದಿ. ಸಿಟ್ಟು ನೆತ್ತಿಗೇರಿತು.

"ನಿಮ್ಮ ಚಹಾ ನೀವು ಬಿಟ್ರಿ, ಸರಿ. ನನ್ನ ಮಷೀನು ಯಾರ ಬಿಟ್ರು?" ಎಂದಳು. "ಆಪಾ, ಕೇಳ್ರಿ ಇವರನ್ನ. ನನಗೂ ಕೈ ಖಾಲಿ, ನಿಮಗೂ ಕೈ ಖಾಲಿ. ಕಪಾಟು ನೋಡಿದ್ರ ತುಂಬಿ ತುಳಕಾಕತ್ತೈತಿ."

ಅಕ್ಕ ಈಗ ತಮ್ಮನ ಮೇಲೆ ಹರಿಹಾಯುತ್ತಾಳೆ, ತಾನು ಕಣ್ತುಂಬ ನೋಡಬಹುದು ಎಂದು ಅಫ್ಸಾನಾ ಕಾದಳು. ಮರಿಯಮಬಿ ಹರಿಹಾಯಲಿಲ್ಲ. ಗಂಡ ಸತ್ತ ಮೇಲೆ ಎರಡು ಎಕರೆ ಹೊಲವನ್ನು ಒಬ್ಬಳೇ ದುಡಿದು ಮೂವರು ಮಕ್ಕಳನ್ನು ದಡ ಸೇರಿಸಿದ ಹೆಂಗಸು ಅವಳು, ಬೈದು ಹೊತ್ತು ಕಳೆಯುವ ರೂಢಿ ಅವಳಿಗಿರಲಿಲ್ಲ. ಅಂಗಳಕ್ಕೆ ಹೋಗಿ ಟ್ರ್ಯಾಕ್ಟರು ಎತ್ತಿಕೊಂಡು ಬಂದಳು, ಸೆರಗಿನಿಂದ ಮಣ್ಣು ಒರೆಸಿದಳು, ತೂಕ ನೋಡಿದಳು.

"ಇದನ್ನ ಯಾರರ ಕೊಳ್ತಾರೇನು?"

ಹುಬ್ಬಳ್ಳಿಯಲ್ಲಿ ಒಬ್ಬ ಇದ್ದಾನೆ, ಹೀಗೆ ಕೆರೆದು ಹೋದದ್ದಕ್ಕೆ ಹನ್ನೆರಡು ಸಾವಿರ ಕೊಟ್ಟರೆ ಹೆಚ್ಚು ಎಂದು ಶಹಾಬುದ್ದೀನ ನೆಲ ನೋಡುತ್ತ ಹೇಳಿದ.

"ಅವನ ನಂಬರ ಬರದು ಕೊಡು. ಮೂರು ಸಾವಿರ ನಾ ಎಲ್ಲ್ಯರ ಹೊಂದಸ್ತೇನಿ."

ಅಫ್ಸಾನಾಳಿಗೆ ಮೊದಲು ಅರ್ಥವಾಗಲಿಲ್ಲ. ಆಪಾ ತಗಡಿಗಾಗಿ ಅದನ್ನು ಮಾರುವವಳಿದ್ದಾಳೆಂದು ಅರ್ಥವಾದಾಗ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹನ್ನೆರಡು ಸಾವಿರಕ್ಕೆ ಎರಡು ಸಾವಿರ ಸೇರಿಸಿದರೆ ತನ್ನ ಮಷೀನು. ಅದನ್ನು ಮಾರಿಸಬೇಕೆಂಬ ವಿಚಾರ ಇಡೀ ತಿಂಗಳು ಅವಳ ತಲೆಗೆ ಹೊಳೆದಿರಲಿಲ್ಲ, ಅವನನ್ನು ಸುಡುವುದರಲ್ಲೇ ಅವಳ ತಲೆ ಮುಳುಗಿತ್ತು.

"ಆಪಾ, ಅದು ಕೂಸಿಗೆ ಆಡಾಕ ಅಂತ..." ಎಂದಳು.

ಮರಿಯಮಬಿ ಅವಳ ಕಡೆ ತಿರುಗಿದಳು. "ಕೊಟ್ಟಾಕಿ ನೀನು. ನಾವೇನು ಕಸಗೊಂಡಿಲ್ಲ. ಒಂದು ಮಾತು ಹೇಳು, ಬೆಲೆ ಗೊತ್ತಿತ್ತೇನು ನಿನಗ?"

ಗೊತ್ತಿರಲಿಲ್ಲ ಎಂದರೆ ತಪ್ಪಿ ಕೊಟ್ಟೆ, ತಿರುಗಿ ಕೊಡಿ ಎಂದು ಕೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಆದರೆ ಗಂಡ ಪಾಪದವನ ಮುಖ ಮಾಡಿಕೊಂಡು ಎದುರಿಗೇ ನಿಂತಿದ್ದ, ಇನ್ನೂ ಅವಳನ್ನು ಏನೂ ತಿಳಿಯದ ದಡ್ಡಿ ಎಂದುಕೊಂಡೇ ನಿಂತಿದ್ದ. ಅದನ್ನು ಅವಳಿಗೆ ಸಹಿಸಲಾಗಲಿಲ್ಲ.

"ಗೊತ್ತಿತ್ತು," ಎಂದಳು.

ಶಹಾಬುದ್ದೀನ ತಲೆ ಎತ್ತಿದ.

"ಗೊತ್ತಿದ್ದೂ ಕೊಟ್ಟೀ ಅಂದ್ರ ದೊಡ್ಡ ಮನಸು ನಿಂದು," ಎಂದಳು ಮರಿಯಮಬಿ. ಅವಳ ದನಿಯಲ್ಲಿ ಹೊಗಳಿಕೆ ಇರಲಿಲ್ಲ. ಟ್ರ್ಯಾಕ್ಟರನ್ನು ಟವೆಲಿನಲ್ಲಿ ಸುತ್ತಿ ಕೈಚೀಲದ ತಳಕ್ಕೆ ಇಟ್ಟಳು. ಅಳಲು ಶುರುಮಾಡಿದ ನುಜಹತಳನ್ನು ಸೊಂಟಕ್ಕೆ ಏರಿಸಿಕೊಂಡು, ತಮ್ಮ ಬರೆದುಕೊಟ್ಟ ನಂಬರಿನ ಚೀಟಿಯನ್ನು ಎಲೆ ಚೀಲಕ್ಕೆ ತುರುಕಿ, ಬರುತ್ತೇನೆ ಎಂದು ಇಬ್ಬರಿಗೂ ಹೇಳಿ ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಅಕ್ಕನನ್ನು ಹತ್ತಿಸಿ ಬರುವುದು ಶಹಾಬುದ್ದೀನನ ಪದ್ಧತಿ. ಅವತ್ತು ಹೊಸ್ತಿಲು ದಾಟಲಿಲ್ಲ.

ಕೂಸಿನ ಅಳು ಓಣಿಯ ತುದಿಯಲ್ಲಿ ಕರಗಿತು. ಕೋಟೆಯ ಕಡೆಯಿಂದ ನವಿಲೊಂದು ಎರಡು ಸಲ ಕೂಗಿತು. ತಟ್ಟೆಯ ಅನ್ನಕ್ಕೆ ನೊಣ ಮುತ್ತಿದ್ದವು, ಯಾರೂ ತೆಗೆಯಲಿಲ್ಲ.

"ಯಾವಾಗಿಂದ ಗೊತ್ತು ನಿನಗ?"

"ಹೋದ ತಿಂಗಳದಿಂದ."

"ಗೊತ್ತಿದ್ದೂ ಕಲ್ಲಿನ ಮ್ಯಾಲ ಎಳಸಿದಿ."

"ನೀವು ಐದು ವರ್ಷ ನನ್ನ ಎಳದೀರಿ," ಎಂದಳು ಅಫ್ಸಾನಾ. ಅವನು ಕಪಾಟಿನ ಮುಂದೆ ಹೋಗಿ ನಡುವಿನ ಖಾಲಿ ಜಾಗ ಮುಚ್ಚಲು ಆಚೆ ಈಚೆಯವುಗಳನ್ನು ಸರಿಸತೊಡಗಿದ. ಅವಳೂ ಹೋಗಿ ಅವನ ಪಕ್ಕ ನಿಂತಳು. ಆ ಕಪಾಟಿನ ಮುಂದೆ ಇಬ್ಬರೂ ಹೀಗೆ ಒಟ್ಟಿಗೆ ನಿಂತದ್ದು ಅದೇ ಮೊದಲು. ಅವಳು ಹಸಿರು ಟ್ರ್ಯಾಕ್ಟರಿನ ಮೇಲೆ ಬೆರಳಿಟ್ಟಳು.

"ಇದು ಎಷ್ಟು?"

ಅವನು ಪಕ್ಕದ ಟ್ರ್ಯಾಕ್ಟರನ್ನು ಸಾಲಿಗೆ ಸರಿಮಾಡಿದ. ಆಮೇಲೆ ಹೇಳಿದ, "ಒಂಬತ್ತು ಸಾವಿರ."

"ಇದು?"

"ಆರೂವರಿ."

ಬೆರಳು ಸರಿಯುತ್ತ ಹೋಯಿತು, ಅವನು ಹೇಳುತ್ತ ಹೋದ. ಒಂದೊಂದಕ್ಕೂ ದನಿ ಸಣ್ಣದಾಗುತ್ತಿತ್ತು. ಅವಳು ಬೈಯಲಿಲ್ಲ, ಕೂಡಿಸಲೂ ಇಲ್ಲ. ಪ್ರತಿಯೊಂದು ಅಂಕಿಯನ್ನೂ ಅದು ನಿಜವೇ ಎಂದು ಅವನ ಮುಖದಲ್ಲಿ ಹುಡುಕಿ ಮುಂದಿನದಕ್ಕೆ ಹೋದಳು. ಕೊನೆಗೆ ಮೂಲೆಯಲ್ಲಿದ್ದ, ಬಣ್ಣ ಮಾಸಿದ ಸಣ್ಣ ನೀಲಿ ಟ್ರ್ಯಾಕ್ಟರು ಉಳಿಯಿತು.

"ಇದು?"

"ಇದು ಮೊದಲನೇದು," ಎಂದ ಅವನು. "ಸವಣೂರ ಬಸ್ ಸ್ಟ್ಯಾಂಡಿನ ಮುಂದ ತೊಗೊಂಡಿದ್ದೆ. ಇನ್ನೂರು ರೂಪಾಯಿ."

ಅಫ್ಸಾನಾ ಬೆರಳು ತೆಗೆಯಲಿಲ್ಲ.

"ಖರೇ ಹೇಳ್ರಿ."

"ಖರೇನ. ಇನ್ನೂರ."

ಅವಳು ಅವನ ಮುಖವನ್ನೇ ನೋಡುತ್ತ, ಅದರ ಖರೇ ಬೆಲೆ ಹೇಳಲಿ ಎಂದು ಕಾಯುತ್ತ ನಿಂತಳು.